ಮಗಳಿಗೊಂದು ಪತ್ರ: ಕುಕ್ಕರ್ ಗ್ಯಾಸ್ಕೆಟ್ ಮತ್ತು ಇನ್ನೊಂದು ವಿಷಯ

ಖಡಕಿ, ಪುಣೆ
ಶನಿವಾರ ರಾತ್ರಿ

ಪ್ರೀತಿಯ ಕೂಸೇ,

ನೀನು ಕಳಿಸಿದ ಪಟ್ಟಿ ನೋಡಿದೆ. ಅಳಿಯಂದಿರ ಸೇವೆಗೆ ಅಂತ ಜಾಂಬಿಯಾಕ್ಕೆ ಹೊರಡುವಾಗ ಏನೇನು ಕಟ್ಟಿಕೊಳ್ಳಬೇಕು ಅಂತ ಕೇಳಿದ್ದೀಯ. ಅದರಲ್ಲಿ ಅರ್ಧ ಸಾಮಾನು ಬೇಡ. ಬೇಳೆ, ಸಾಸಿವೆ, ಅರಿಶಿನ ಹೊತ್ತುಕೊಂಡು ಹೋಗಬೇಡ. ಚಿಪಾಟಾದಲ್ಲಿ ಗುಜರಾತಿಗಳ ಅಂಗಡಿ ಬೇಕಾದಷ್ಟಿವೆ. ನಾವು ಮಲಾವಿಯಲ್ಲಿದ್ದಾಗಲೂ ಲಿಂಬೆ ಪೇಟೆಯ ಗುಜರಾತಿ ಅಂಗಡಿಗಳಿಂದಲೇ ನಮ್ಮ ಒಲೆ ಉರಿದದ್ದು. ತೊಗರಿಯಂತೂ ಅಲ್ಲೇ ಬೆಳೆಯುತ್ತಿತ್ತು. ನಂದೋಲೋ ಅಂತ ನೀನು ಕರೆಯುತ್ತಿದ್ದೆ, ತೊಗರಿ ಅಂದರೆ ನಿನಗೆ ತಿಳಿಯುತ್ತಲೇ ಇರಲಿಲ್ಲ. ಜೋಳಕ್ಕೆ ಮಪಿರಾ ಅಂತ ಕೇಳು, ರೊಟ್ಟಿ ಚೆನ್ನಾಗಿಯೇ ಬರುತ್ತದೆ, ಸ್ವಲ್ಪ ಬಿರುಕು ಬಿಡುತ್ತದೆ ಅಷ್ಟೆ.

ಕುಕ್ಕರಿನ ಗ್ಯಾಸ್ಕೆಟ್ ಮಾತ್ರ ನಾಲ್ಕು ಇಟ್ಟುಕೋ. 1999ರಲ್ಲಿ ನಮ್ಮದು ಹರಿಯಿತು. ಊರಿಂದ ಬರುವವರು ಯಾರಾದರೂ ತರಲಿ ಅಂತ ಕಾಯುತ್ತಾ ಏಳು ತಿಂಗಳು ಇದ್ದಿಲಿನ ಒಲೆ ಮೇಲೆ ಬೇಳೆ ಬೇಯಿಸಿದ್ದೇನೆ. ಪ್ರಸಂಗ ಮಾಡಲು ಬಂದ ದೊಡ್ಡ ಅಯ್ಯನೋರೊಬ್ಬರು ಸೂಟ್‌ಕೇಸ್ ತುಂಬ ಪುಸ್ತಕ ತಂದರು, ಗ್ಯಾಸ್ಕೆಟ್ ಮರೆತು ಬಂದರು. ನಾನು ಅವರಿಗೆ ಅರ್ಧ ಬೆಂದ ಸಾರೇ ಬಡಿಸಿದೆ. ದೇವರು ಕ್ಷಮಿಸಲಿ.

ನಿನ್ನ ಪಟ್ಟಿಯ ಕೊನೆಯಲ್ಲಿ ಸಣ್ಣದಾಗಿ "ಪುಟ್ಟನ ಸ್ಕೂಲು?" ಅಂತ ಬರೆದಿದ್ದೀಯ. ಹೋದ ವಾರ ಫೋನಿನಲ್ಲಿ ಅದೇ ಮಾತು ಬಂದಾಗ ನೀನು ಹೇಳಿದ್ದು ನನ್ನ ಕಿವಿಯಲ್ಲೇ ಇದೆ. "ಪಪ್ಪ ನನಗೆ ಮಾಡಿದ್ದನ್ನು ನಾನು ನನ್ನ ಮಗನಿಗೆ ಮಾಡಲ್ಲ ಅವ್ವಾ." ನಾನು ಒಲೆ ಮೇಲೆ ಹಾಲಿದೆ ಅಂತ ಹೇಳಿ ಫೋನ್ ಇಟ್ಟೆ. ಒಲೆ ಮೇಲೆ ಏನೂ ಇರಲಿಲ್ಲ. ಅವತ್ತಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅದಕ್ಕೇ ಈ ಪತ್ರ. ವಾಟ್ಸಾಪಿನಲ್ಲಿ ಹೇಳುವಂಥದ್ದಲ್ಲ.

ಮೂರು ತಿಂಗಳಿಗೊಮ್ಮೆ ನಾವು ಇಲ್ಲಿನ ಸಭೆಗಳಿಗೆ ಪ್ರಾರ್ಥನಾ ಪತ್ರ ಕಳಿಸುತ್ತಿದ್ದದ್ದು ನೆನಪಿದೆಯಾ? ನೀನೇ ಕೂತು ಅಂಚೆಚೀಟಿ ಅಂಟಿಸುತ್ತಿದ್ದೆ. ಪಪ್ಪ ಬರೆಯುವುದು, ನಾನು ತಿದ್ದುವುದು. ಇಷ್ಟು ಜನ ದೀಕ್ಷಾಸ್ನಾನ ಪಡೆದರು, ಸಂಡೇ ಸ್ಕೂಲಿಗೆ ಇಷ್ಟು ಮಕ್ಕಳು ಬರುತ್ತಿದ್ದಾರೆ, ಸ್ತೋತ್ರ ಸಲ್ಲಿಸಿರಿ, ಮಳೆಗಾಗಿ ಪ್ರಾರ್ಥಿಸಿರಿ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಆ ಪತ್ರ ಓದಿದವರಿಗೆ ನಾವು ಹೇಗೆ ಬದುಕಿದೆವು ಅನ್ನುವುದು ಗೊತ್ತಾಗುತ್ತಲೂ ಇರಲಿಲ್ಲ. ಅಲ್ಲಿ ನಮ್ಮ ಸೇವೆ ಅಂದರೆ ಮುಕ್ಕಾಲು ಪಾಲು ಮಣ್ಣು ಮಾಡುವುದೇ. ಅದು ಏಡ್ಸ್ ಊರನ್ನೇ ತಿನ್ನುತ್ತಿದ್ದ ಕಾಲ. ಔಷಧಿ ಸರ್ಕಾರದಿಂದ ಪುಕ್ಕಟೆಯಾಗಿ ಸಿಗಲು ಶುರುವಾದದ್ದು 2004ರಲ್ಲಿ. ಅದಕ್ಕೆ ಮುಂಚೆ ನಾವಿದ್ದ ಬ್ಲಾಂಟೈರಿನ ರಸ್ತೆ ಬದಿಯಲ್ಲಿ ನಮ್ಮಲ್ಲಿ ಮಂಚ ಕುರ್ಚಿ ಇಟ್ಟು ಮಾರುವ ಹಾಗೆ ಶವಪೆಟ್ಟಿಗೆ ಮಾಡಿ ಸಾಲಾಗಿ ಇಡುತ್ತಿದ್ದರು. ನೀನು ಸ್ಕೂಲಿಗೆ ಹೋಗುವ ದಾರಿಯಲ್ಲಿ ಅವನ್ನು ಎಣಿಸುತ್ತಿದ್ದೆ. ಚಿಕ್ಕ ಪೆಟ್ಟಿಗೆ ಕಂಡರೆ ಬೇರೆ ಎಣಿಸುತ್ತಿದ್ದೆ. ನನಗೆ ಅದು ಗೊತ್ತಾದದ್ದು ಬಹಳ ತಡವಾಗಿ.

ಯಾರಾದರೂ ತೀರಿಕೊಂಡರೆ ಹೆಂಗಸರೆಲ್ಲ ಆ ಮನೆಗೆ ಹೋಗಿ ರಾತ್ರಿಯಿಡೀ ನೆಲದ ಮೇಲೆ ಕೂತು ಹಾಡುತ್ತಿದ್ದರು. ಮಲಿರೋ ಅಂತಾರೆ ಸಾವಿನ ಮನೆಗೆ. ಮೊದಲ ವರ್ಷ ನಾನು ಕುರ್ಚಿ ಕೊಟ್ಟರೆ ಕುರ್ಚಿ ಮೇಲೆ ಕೂತೆ. ಅಯ್ಯನೋರ ಹೆಂಡತಿ, ಅದರಲ್ಲೂ ಇಂಡಿಯಾದವಳು ಅಂತ ಕೊಡುತ್ತಿದ್ದರು. ಎರಡನೇ ವರ್ಷ ಅಲ್ಲಿನ ಹೆಂಗಸರ ಹಾಗೆ ಸೊಂಟಕ್ಕೊಂದು ಚಿತೆಂಜೆ ಬಟ್ಟೆ ಸುತ್ತಿಕೊಂಡು ನೆಲಕ್ಕೆ ಕೂತೆ. ಯಾರೂ ಏನೂ ಅನ್ನಲಿಲ್ಲ, ಸುಮ್ನೆ ಸರಿದು ಜಾಗ ಮಾಡಿಕೊಟ್ಟರು. ಹಾಡಿನ ಮಾತು ಪೂರ್ತಿ ತಿಳಿಯುತ್ತಿರಲಿಲ್ಲ. ನಾನು ಅದೇ ಧಾಟಿಗೆ ಬೆಟಗೇರಿಯಲ್ಲಿ ನಮ್ಮ ಅವ್ವ ಹೇಳುತ್ತಿದ್ದ ಕನ್ನಡ ಕೀರ್ತನೆ ಗುನುಗುತ್ತಿದ್ದೆ. ಅವರ ಮ್ವಾನೋ ಹೆಂಗಸರ ಸಂಘಕ್ಕೆ ನನ್ನನ್ನು ಸೇರಿಸಿಕೊಂಡದ್ದು ಆಮೇಲೆ.

ಈಗ 2002ಕ್ಕೆ ಬರುತ್ತೇನೆ.

ಆ ವರ್ಷದ ಹಸಿವು ನಿನಗೆ ಎಷ್ಟು ನೆನಪಿದೆಯೋ. ಹಿಂದಿನ ಬೆಳೆ ಕೈಕೊಟ್ಟಿತ್ತು. ಮೆಕ್ಕೆಜೋಳದ ರೇಟು ಏರುತ್ತಲೇ ಹೋಯಿತು. ಜನ ತವುಡು ಬೇಯಿಸಿ ತಿಂದರು. ಬಾಗಿಲಲ್ಲಿ "ಓಡೀ" ಅಂತ ಕೂಗಿದರೆ ಒಳಗಿಂದ "ಓಡೀನಿ" ಅನ್ನಬೇಕು, ಅದು ಅಲ್ಲಿನ ಪದ್ಧತಿ. ಆ ಫೆಬ್ರವರಿಯಲ್ಲಿ ನಾನು ಓಡೀನಿ ಅನ್ನಲು ಹೆದರುತ್ತಿದ್ದೆ, ಕೊಡಲು ಏನೂ ಇರುತ್ತಿರಲಿಲ್ಲ. ಅದೇ ತಿಂಗಳು ನಿನಗೆ ಜ್ವರ ಬಂತು. ಮೊದಲ ದಿನ ಮಾತ್ರೆ ಕೊಟ್ಟೆವು. ಎರಡನೇ ರಾತ್ರಿ ಫಿಟ್ಸ್ ಬಂತು. ಮಲೇರಿಯಾ ತಲೆಗೇರಿದೆ ಅಂದರು. ಮೂರು ದಿನ ಕ್ವಿನೈನ್ ಡ್ರಿಪ್ ಹಾಕಿದರು. ನಾನು ಕನ್ನಡದಲ್ಲಿ ಕರೆದರೆ ನೀನು ಕಣ್ಣು ಬಿಡಲಿಲ್ಲ, ನರ್ಸ್ ಅಲ್ಲಿನ ಚಿಚೆವಾ ಭಾಷೆಯಲ್ಲಿ ಕರೆದಾಗ ಬಿಟ್ಟೆ. ನನಗೆ ಸಂತೋಷವೂ ಆಯಿತು, ಒಳಗೆಲ್ಲೋ ಚುರ್ ಅಂದಿತು ಕೂಡ.

ಪಕ್ಕದ ಹಾಸಿಗೆಯ ಮಗು ಉಳಿಯಲಿಲ್ಲ. ನಮ್ಮ ಸಭೆಯವಳದೇ ಮಗು. ನಿನ್ನನ್ನು ಮನೆಗೆ ಕರೆತಂದ ದಿನವೇ ಪಪ್ಪ ಆ ಮಣ್ಣು ಮಾಡಿ ಬಂದರು. ಕೈ ತೊಳೆಯದೆ ಮೆಟ್ಟಿಲ ಮೇಲೇ ಕೂತರು. "ನಡಿ, ಊರಿಗೆ ಹೋಗೋಣ. ಮೂವರೂ ಹೋಗೋಣ. ಮಿಷನ್ ಬೋರ್ಡಿಗೆ ನಾಳೆಯೇ ಬರೆಯುತ್ತೇನೆ" ಅಂದರು.

ಮೂವರೂ ಅಂದರು, ಕೂಸೇ.

ಬೇಡ ಅಂದವಳು ನಾನು.

ನೀನು ಇಷ್ಟು ವರ್ಷ ನಂಬಿಕೊಂಡು ಬಂದದ್ದು ಬೇರೆ. ಪಪ್ಪನಿಗೆ ಸೇವೆಯ ಹುಚ್ಚು, ಅವ್ವ ಪಾಪ ಬಾಯಿ ಮುಚ್ಚಿಕೊಂಡು ಹಿಂದೆ ಹೋದಳು ಅಂತ. ನಾನೂ ತಿದ್ದಲಿಲ್ಲ. ಅವರೂ ತಿದ್ದಲಿಲ್ಲ. ಅವರು ಹೋಗಿ ಎರಡು ವರ್ಷವಾಯಿತು. ನೀನು ಅವರ ಜೊತೆ ಮಾತು ಬಿಟ್ಟಿದ್ದ ಆ ಒಂದು ವರ್ಷ ನಾನು ಇಬ್ಬರಿಗೂ ಊಟ ಬಡಿಸುತ್ತಾ ಸುಮ್ಮನಿದ್ದೆ. ಒಂದು ಸಲ ಅವರನ್ನೇ ಕೇಳಿದೆ, ಹೇಳಿಬಿಡಲಾ ಅಂತ. "ಒಬ್ಬರ ಮೇಲಾದರೂ ಅವಳಿಗೆ ನಂಬಿಕೆ ಇರಲಿ ಬಿಡು" ಅಂದರು. ನಾನು ಬಿಟ್ಟೆ. ನನಗೂ ಅದೇ ಬೇಕಾಗಿತ್ತಲ್ವಾ.

ಯಾಕೆ ಬೇಡ ಅಂದೆ? ಬೋರ್ಡಿನವರು ಬ್ಲಾಂಟೈರಿನ ದೊಡ್ಡ ಸ್ಕೂಲಿನ ಫೀ ಕೊಡುವುದಿಲ್ಲ, ಇಂಡಿಯಾದ ಹಾಸ್ಟೆಲ್ ಆದರೆ ಕೊಡುತ್ತೇವೆ ಅಂದಿದ್ದರು, ಅದು ನಿಜ. ಜ್ವರದ ಭಯ ನಿಜ. ಅಜ್ಜ ಆಗ ಇನ್ನೂ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದರು, ರಜೆಗೆ ನೀನು ಖಡಕಿಗೆ ಬರಬಹುದಿತ್ತು, ಅದೂ ನಿಜ. ಇವನ್ನೆಲ್ಲ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹೇಳದೇ ಉಳಿದದ್ದು ಒಂದೇ. ನನಗೆ ವಾಪಸ್ ಬರಲು ಮನಸ್ಸಿರಲಿಲ್ಲ.

ಇಲ್ಲಿ ನಾನು ಯಾರಾಗಿದ್ದೆ ಹೇಳು? ಮದುವೆಯಾಗಿ ಬಂದ ದಿನದಿಂದ ಅಯ್ಯನೋರ ಹೆಂಡತಿ. ಸಭೆಯ ಹೆಂಗಸರಿಗೆ ಚಹಾ ಮಾಡುವವಳು, ಕ್ರಿಸ್ಮಸ್ಸಿಗೆ ಕುಸ್ವಾರದ ತಿಂಡಿ ಎಣಿಸಿ ಪೊಟ್ಟಣ ಕಟ್ಟುವವಳು. ಅಲ್ಲಿಗೆ ಹೋಗುವಾಗ ವೀಸಾ ಫಾರ್ಮಿನಲ್ಲೂ ಉದ್ಯೋಗ ಅನ್ನುವ ಕಡೆ "ಪತ್ನಿ" ಅಂತಲೇ ತುಂಬಿದರು. ಆದರೆ ನ್ದಿರಾಂದೆ ಗುಡ್ಡದ ಕೆಳಗೆ ನನ್ನ ಹೊಲಿಗೆ ಕ್ಲಾಸಿಗೆ ಇಪ್ಪತ್ತಾರು ಹೆಂಗಸರು ಬರುತ್ತಿದ್ದರು. ಅಳತೆ ಬರೆದುಕೊಳ್ಳಲು ಅಂಕಿ ಬೇಕಲ್ಲ, ಅಂಕಿ ಕಲಿತರು, ಆಮೇಲೆ ಅಕ್ಷರ. ಗಂಡ ಸತ್ತವರೇ ಜಾಸ್ತಿ. ನನ್ನನ್ನು ಹೆಸರು ಹಿಡಿದು, ಮುಂದೆ ಅಮಾಯಿ ಸೇರಿಸಿ ಕರೆಯುತ್ತಿದ್ದರು. ಮೂವತ್ತೈದು ವರ್ಷಕ್ಕೆ ಮೊದಲ ಸಲ ನನ್ನ ಹೆಸರು ನನಗೇ ಹಿತವಾಗಿ ಕೇಳಿತು. ಅದನ್ನು ಬಿಟ್ಟು ಬಾ ಅಂದರೆ ಆಗಲಿಲ್ಲ. ನಿನ್ನನ್ನು ಬಿಟ್ಟೆ.

ಜೂನಿನಲ್ಲಿ ನಿನ್ನನ್ನು ಹಾಸ್ಟೆಲಿಗೆ ಬಿಡಲು ಪಂಚಗಣಿಗೆ ಹೋಗುವಾಗ ಮಳೆ. ಪಸರಣಿ ಘಾಟಿನಲ್ಲಿ ನೀನು ಎರಡು ಸಲ ವಾಂತಿ ಮಾಡಿಕೊಂಡೆ. ಒಂಬತ್ತು ವರ್ಷ. ಟ್ರಂಕಿನ ಮೇಲೆ ಊರಿನ ಹೆಸರು ಬರೆಯಬೇಕಿತ್ತು. ಬ್ಲಾಂಟೈರ್ ಬರೆಯಲಾ, ಪುಣೆ ಬರೆಯಲಾ, ಬೆಟಗೇರಿ ಬರೆಯಲಾ ಅಂತ ಕೇಳಿದೆ. ನಾನು ಪುಣೆ ಅಂತ ಬರೆಸಿದೆ. ಅಲ್ಲಿಯವರೆಗೆ ನೀನು ಪುಣೆಯಲ್ಲಿ ಒಟ್ಟು ನಾಲ್ಕು ತಿಂಗಳೂ ಇದ್ದವಳಲ್ಲ.

ನಿನ್ನ ಪತ್ರ ಬ್ಲಾಂಟೈರಿಗೆ ಬರಲು ಮೂರು ವಾರ ಬೇಕಾಗುತ್ತಿತ್ತು. ಎಲ್ಲದರಲ್ಲೂ ಒಂದೇ ಮಾತು. ಚೆನ್ನಾಗಿದ್ದೇನೆ, ಊಟ ಚೆನ್ನಾಗಿದೆ, ಚೆನ್ನಾಗಿ ಓದುತ್ತಿದ್ದೇನೆ. ಅಳುವ ಸಾಲಿದ್ದರೆ ವಾರ್ಡನ್ ಹರಿದು ಮತ್ತೆ ಬರೆಸುತ್ತಿದ್ದರು ಅಂತ ನೀನು ಹೇಳಿದ್ದು ಕಾಲೇಜು ಮುಗಿದ ಮೇಲೆ. ನಾನು ಆ ಪತ್ರಗಳನ್ನು ನಂಬಿದ್ದೆ ಅಂತ ಹೇಳಲಾರೆ. ನಂಬಲು ಅನುಕೂಲವಾಗಿತ್ತು. ನಾವು ಸಭೆಗಳಿಗೆ ಬರೆಯುತ್ತಿದ್ದದ್ದೂ ಅಂಥದ್ದೇ ಅಲ್ವಾ?

ನನ್ನನ್ನು ಸಮರ್ಥಿಸಿಕೊಳ್ಳಲು ನಾನು ಬಹಳ ಓದಿದೆ ಗೊತ್ತಾ. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದದ್ದು, ಆಮೇಲೆ ಧಾರವಾಡ, ಹುಬ್ಬಳ್ಳಿ, ನಮ್ಮ ಬೆಟಗೇರಿ. ನಮ್ಮ ಮುತ್ತಜ್ಜ ಅವರ ಸ್ಕೂಲಿನಲ್ಲೇ ಅಕ್ಷರ ಕಲಿತದ್ದು ಅಂತ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಆ ದೊರೆಗಳ ಮಕ್ಕಳು ಎಲ್ಲಿ ಬೆಳೆದರು ಅಂತ ಯಾರೂ ಹೇಳುವುದಿಲ್ಲ. ಎಷ್ಟೋ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಹಡಗು ಹತ್ತಿಸಿ ಕಳಿಸುತ್ತಿದ್ದರು. ಅವರಿಗಾಗಿಯೇ ಬಾಸೆಲಿನಲ್ಲಿ ಒಂದು ಮನೆ ಇತ್ತು. ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಅವರ ಮಗಳು ಮರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಎಳೆಯ ಕೂಸಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. ಅವಳು ಅಪ್ಪ ಅಮ್ಮನ ಹತ್ತಿರ ತಿರುಗಿ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಮುಂದೆ ನೊಬೆಲ್ ಬಂದ ಹರ್ಮನ್ ಹೆಸ್ಸೆ ಅವಳ ಮಗ. ಅವಳನ್ನು ಬಂದರಿನಲ್ಲಿ ಇಳಿಸಿಕೊಂಡ ಅಮ್ಮನಿಗೆ ಆ ಮುಖ ಗುರುತು ಸಿಕ್ಕಿತಾ ಅಂತ ನಾನು ಎಷ್ಟು ಸಲ ಯೋಚಿಸಿದ್ದೇನೋ. ನಾವು ನಿಘಂಟು ಹೊಗಳುತ್ತೇವೆ. ಹೊಗಳಬೇಕು ಕೂಡ. ಆದರೆ ಆ ಲೆಕ್ಕದಲ್ಲಿ ಮರೀಯನ್ನೂ ಸೇರಿಸಬೇಕು.

ಇಲ್ಲೇ ಕೇಡಗಾಂವಿಗೆ ನಮ್ಮ ಸಭೆಯ ಹೆಂಗಸರು ಆಗಾಗ ಹೋಗುತ್ತೇವೆ, ಪಂಡಿತಾ ರಮಾಬಾಯಿ ಅವರ ಮುಕ್ತಿ ಮಿಷನಿಗೆ. ಅವರೂ ನಮ್ಮ ಕಡೆಯಲ್ಲಿ ಹುಟ್ಟಿದವರೇ, ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಅಷ್ಟೊಂದು ವಿಧವೆಯರಿಗೆ, ಅನಾಥ ಮಕ್ಕಳಿಗೆ ತಾಯಿಯಾದವರು. ತಾವು ಅಮೆರಿಕದಲ್ಲಿ ಓಡಾಡುವಾಗ ಐದು ವರ್ಷದ ಸ್ವಂತ ಮಗಳು ಮನೋರಮಾಳನ್ನು ಇಂಗ್ಲೆಂಡಿನ ಸಿಸ್ಟರುಗಳ ಹತ್ತಿರ ಕಳಿಸಿದ್ದರು. ಮನೋರಮಾ ದೊಡ್ಡವಳಾಗಿ ತಾಯಿಯ ಕೆಲಸಕ್ಕೇ ಬಂದಳು, ಕಲಬುರಗಿಯಲ್ಲಿ ಸ್ಕೂಲು ನಡೆಸಿದಳು. 1921ರಲ್ಲಿ ತೀರಿಕೊಂಡಳು. ಒಂದು ವರ್ಷ ತುಂಬುವುದರೊಳಗೆ ರಮಾಬಾಯಿಯೂ ಹೋದರು. ಅಲ್ಲಿಗೆ ಹೋದಾಗಲೆಲ್ಲ ನಾನು, ನೋಡು, ಇಂಥ ದೊಡ್ಡವರೇ ಮಗಳನ್ನು ದೂರ ಇಟ್ಟಿರಲಿಲ್ವಾ ಅಂತ ಅಂದುಕೊಳ್ಳುತ್ತಿದ್ದೆ. ಈಗ ಆ ಲೆಕ್ಕ ಬಿಟ್ಟಿದ್ದೇನೆ. ಅವರ ಮಗಳು ಅವರದು, ನನ್ನ ಮಗಳು ನನ್ನದು.

ನಮ್ಮ ಮನೆಗಳಲ್ಲಿ ತಾಯಿ ಮಗಳಿಗೆ ತಪ್ಪಾಯಿತು ಅನ್ನುವ ರೂಢಿ ಇಲ್ಲ. ಕ್ಷಮಿಸು ಅಂತ ಬರೆದರೆ ಪ್ರಾರ್ಥನೆ ಪುಸ್ತಕದ ಹಾಗೆ ಕೇಳುತ್ತದೆ. ಬ್ಲಾಂಟೈರಿನಲ್ಲಿ ಒಂದು ಮಾತಿತ್ತಲ್ಲ, ಪೆಪಾನಿ. ಕಾಲು ತುಳಿದರೂ ಪೆಪಾನಿ, ಇನ್ನೊಬ್ಬರು ಎಡವಿ ಬಿದ್ದರೂ ಪೆಪಾನಿ, ಸಾವಿನ ಮನೆಯಲ್ಲೂ ಪೆಪಾನಿ. ನೀನು ಚಿಕ್ಕವಳಿದ್ದಾಗ ಮೊಣಕಾಲು ಕೆತ್ತಿಕೊಂಡರೆ ಬೀದಿಯವರೆಲ್ಲ ನಿನಗೆ ಅದನ್ನೇ ಹೇಳುತ್ತಿದ್ದರು. ಪೆಪಾನಿ, ಕೂಸೇ. ಪಪ್ಪನ ಮೇಲಿನ ಸಿಟ್ಟನ್ನು ಈಗ ಇತ್ತ ತಿರುಗಿಸು. ನಾನು ತಡೆದುಕೊಳ್ಳುತ್ತೇನೆ.

ಇನ್ನು ಪುಟ್ಟನ ವಿಷಯ. ಹಾಸ್ಟೆಲ್ ಬೇಡ, ಜೊತೆಗೇ ಇಟ್ಟುಕೋ ಅಂತ ನಾನು ಹೇಳುವುದಿಲ್ಲ. ಚಿಪಾಟಾ ಲೂಸಾಕಾದಿಂದ ಐನೂರಕ್ಕೂ ಜಾಸ್ತಿ ಕಿಲೋಮೀಟರ್ ದೂರ, ಹುಡುಗನಿಗೆ ಏನಾದರೂ ಆದರೆ ಸುಲಭವಲ್ಲ. ಅಳಿಯಂದಿರಿಗೆ ಬೈಬಲ್ ಕಾಲೇಜಿನ ಪಾಠ ಇರುತ್ತದೆ, ಭಾನುವಾರ ಸಭೆ ಇರುತ್ತದೆ. ನಿನಗೆ ಏನಿರುತ್ತದೆ ಅಂತ ನಿಮ್ಮನ್ನು ಕಳಿಸುವವರು ಬರೆದಿದ್ದಾರಾ? ಹೋಗುವ ಮೊದಲೇ ಕೇಳು. ಸ್ಕೂಲಿನ ಫೀ ಯಾರು ಕೊಡುತ್ತಾರೆ, ಜ್ವರ ಬಂದರೆ ಯಾವ ಆಸ್ಪತ್ರೆ, ಊರಿಗೆ ಬರಲು ಎಷ್ಟು ವರ್ಷಕ್ಕೊಮ್ಮೆ ಟಿಕೆಟ್, ಎಲ್ಲ ಕಾಗದದ ಮೇಲೆ ತೆಗೆದುಕೋ. ದೇವರ ಕರೆ ಇದ್ದರೆ ಇಂಥದ್ದೆಲ್ಲ ಕೇಳಬಾರದು ಅಂತ ಯಾರಾದರೂ ಅಂದರೆ ಅವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಅಂತ ಕೇಳು.

ಪುಟ್ಟನನ್ನೂ ಕೂರಿಸಿಕೊಂಡು ಕೇಳಿ. ಏಳು ವರ್ಷದ ಹುಡುಗನಿಗೆ ಏನು ಗೊತ್ತಾಗುತ್ತೆ ಅನ್ನಬೇಡ. ನಿನ್ನನ್ನು ನಾವು ಕೇಳಲೇ ಇಲ್ಲ. ಮತ್ತೆ, ಅವ್ವ ಪುಣೆಯಲ್ಲಿದ್ದಾಳೆ, ರಜೆಗೆ ನೋಡಿಕೊಳ್ಳುತ್ತಾಳೆ ಅಂತ ನನ್ನನ್ನು ನೆಚ್ಚಿಕೊಂಡು ಪಂಚಗಣಿಯಲ್ಲಿ ಸೀಟು ಹುಡುಕಬೇಡ. ನನಗೆ ಅವನು ಬೇಡವೆಂದಲ್ಲ. ಅಜ್ಜ ಇದ್ದಾರಲ್ಲ ಅಂತ ಅವತ್ತು ನಾನೂ ಹೀಗೇ ಸುಲಭ ಮಾಡಿಕೊಂಡಿದ್ದೆ.

ಭಾಷೆ ನಿನಗೆ ಕಷ್ಟವಾಗಲಿಕ್ಕಿಲ್ಲ. ನಮ್ಮ ಚಿಚೆವಾವನ್ನೇ ಅಲ್ಲಿ ನ್ಯಾಂಜಾ ಅಂತಾರೆ, ನ್ಸಿಮಾಕ್ಕೆ ನ್ಶಿಮಾ ಅಂತಾರೆ. ಪುಟ್ಟನಿಗೆ ಬಿಳಿ ಮುದ್ದೆ ಅಂತ ಹೇಳಿ ತಿನ್ನಿಸು, ತಿನ್ನುತ್ತಾನೆ. ಕೆರೆ ನೀರಿಗೆ ಇಳಿಸಬೇಡ, ಬಿಲ್ಹಾರ್ಜಿಯಾ ಅನ್ನುವ ಹುಳದ ರೋಗ ಇರುತ್ತದೆ. ಸೊಳ್ಳೆಪರದೆ ಇಲ್ಲಿಂದಲೇ ಒಯ್ಯಿ. ನನ್ನ ಹಳೆಯ ಚಿತೆಂಜೆ ಎರಡನ್ನು ಒಗೆದು ಇಟ್ಟಿದ್ದೇನೆ, ಒಂದರ ಅಂಚು ಇಲಿ ಕಡಿದಿದೆ, ಆದರೂ ಗಟ್ಟಿ ಇದೆ.

ಈ ಪತ್ರ ಓದಿದ ಮೇಲೆ ಫೋನ್ ಮಾಡಬೇಕು ಅನ್ನಿಸದಿದ್ದರೆ ಮಾಡಬೇಡ. ಕುಕ್ಕರ್ ಮೂರು ಲೀಟರಿನದಾ ಐದು ಲೀಟರಿನದಾ ಅಂತ ಮಾತ್ರ ಮೆಸೇಜ್ ಹಾಕು. ಮಂಗಳವಾರ ತುಳಶಿಬಾಗ್ ಮಾರ್ಕೆಟ್ಟಿಗೆ ಹೋಗುವುದಿದೆ.

ನಿನ್ನ ಅವ್ವ