ಮೂರು ಕಿಲೋಮೀಟರ್ ಓಡಾಟದ ಮನೆಗೆ ಟರ್ಬೊ ಕಾರು ಮಾರಿದ ಕುರಿತು ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ, ಕಾರು ತಯಾರಿಕಾ ಕಂಪನಿ
ಪ್ರತಿ: ವ್ಯವಸ್ಥಾಪಕರು, ಅಧಿಕೃತ ಮಾರಾಟ ಮತ್ತು ಸೇವಾ ಕೇಂದ್ರ, ಹುಬ್ಬಳ್ಳಿ

ಧಾರವಾಡ, 18 ನವೆಂಬರ್ 2025

ವಿಷಯ: 1.0 ಲೀಟರ್ ಟರ್ಬೊ ಪೆಟ್ರೋಲ್ ಕಾರಿನ ಎಂಜಿನ್ ಆಯಿಲ್‌ಗೆ ಪೆಟ್ರೋಲ್ ಸೇರುತ್ತಿರುವುದು ಹಾಗೂ ಬಳಕೆಯ ಷರತ್ತುಗಳನ್ನು ಮಾರಾಟದ ವೇಳೆ ತಿಳಿಸದಿರುವುದು.

ಮಾನ್ಯರೇ,

ನಾನು ಧಾರವಾಡದ ಸಪ್ತಾಪುರದಲ್ಲಿ ವಾಸವಾಗಿದ್ದು, 2024ರ ಆಯುಧಪೂಜೆಯ ಹಿಂದಿನ ದಿನ ತಮ್ಮ ಹುಬ್ಬಳ್ಳಿ ಶೋರೂಮಿನಿಂದ ಮೂರು ಸಿಲಿಂಡರಿನ 999 ಸಿ.ಸಿ. ಟರ್ಬೊ (ಎಂಜಿನ್ನಿಗೆ ಒತ್ತಡದಿಂದ ಹೆಚ್ಚು ಗಾಳಿ ತುಂಬುವ ಸಾಧನ) ಪೆಟ್ರೋಲ್ ಕಾರನ್ನು ಖರೀದಿಸಿದ್ದೇನೆ. ಹದಿಮೂರು ತಿಂಗಳಲ್ಲಿ ಅದು 9,200 ಕಿ.ಮೀ. ಓಡಿದೆ. ಈ ಅವಧಿಯಲ್ಲಿ ಸೇವಾ ಕೇಂದ್ರಕ್ಕೆ ಮೂರು ಸಲ ಬಾಯಿಮಾತಿನಲ್ಲಿ ಹೇಳಿ, ಒಮ್ಮೆ ಇಮೇಲ್ ಕಳುಹಿಸಿಯೂ ಸಮರ್ಪಕ ಉತ್ತರ ಸಿಗದ ಕಾರಣ ಈ ಪತ್ರವನ್ನು ಬರೆಯುತ್ತಿದ್ದೇನೆ.

ಕಾರು ಕೊಳ್ಳುವ ಮುನ್ನ ನಮ್ಮ ಓಡಾಟ ಎಂಥದ್ದೆಂದು ತಮ್ಮ ಮಾರಾಟ ಪ್ರತಿನಿಧಿಗೆ ಬಿಡಿಸಿ ಹೇಳಿದ್ದೆ. ಬೆಳಿಗ್ಗೆ ಮಾಳಮಡ್ಡಿಯ ಶಾಲೆಗೆ ಮಕ್ಕಳನ್ನು ಬಿಡುವುದು, ಸಂಜೆ ಸುಭಾಸ ರಸ್ತೆಯಲ್ಲಿ ಸಂತೆ, ಶನಿವಾರ ತಂದೆ-ತಾಯಿಯನ್ನು ನುಗ್ಗಿಕೇರಿ ಹನುಮಪ್ಪನ ದರ್ಶನಕ್ಕೆ ಕರೆದೊಯ್ಯುವುದು, ವಾರಕ್ಕೆ ಒಂದೆರಡು ಸಲ ಹುಬ್ಬಳ್ಳಿ. ಇವುಗಳಲ್ಲಿ ಹೆಚ್ಚಿನವು ಮೂರು ಕಿಲೋಮೀಟರ್ ಆಸುಪಾಸಿನ ಓಡಾಟ. ಗಾಡಿಯನ್ನು ಹೆಚ್ಚಾಗಿ ಓಡಿಸುವವರು ನನ್ನ ಪತ್ನಿ. ಇದನ್ನೆಲ್ಲ ಕೇಳಿದ ಮೇಲೆಯೇ ಆ ಪ್ರತಿನಿಧಿ, ಇದೇ ಮಾದರಿಯ 1.2 ಲೀಟರಿನ ಟರ್ಬೊರಹಿತ ಎಂಜಿನ್ನು "ಹಳೇ ಕಾಲದ್ದು ಸರ್" ಎಂದು ಬದಿಗೆ ಸರಿಸಿ, ಸುಮಾರು ಒಂದು ಲಕ್ಷ ರೂಪಾಯಿ ಹೆಚ್ಚಿನ ಬೆಲೆಯ ಟರ್ಬೊವನ್ನೇ ನಮಗೆ ಒಪ್ಪಿಸಿದರು. ಪರೀಕ್ಷಾರ್ಥ ಓಡಿಸಲು ಕೊಟ್ಟದ್ದು ರಾಯಾಪುರದಿಂದ ನವಲೂರಿನವರೆಗಿನ ಅಗಲ ರಸ್ತೆಯಲ್ಲಿ, ಅದೂ ಆಗಲೇ ಚೆನ್ನಾಗಿ ಕಾದಿದ್ದ ಎಂಜಿನ್ನಿನ ಗಾಡಿಯನ್ನು. ಅಲ್ಲಿ ಅದು ಚಿಗರಿಯಂತೆ ಓಡಿತೆಂಬುದು ನಿಜ. ನಾವು ಮರುಳಾದೆವು.

ಈ ವರ್ಷದ ಜುಲೈ ತಿಂಗಳಲ್ಲಿ, ಧಾರವಾಡದ ಜಿಟಿಜಿಟಿ ಮಳೆ ಹಿಡಿದಿದ್ದ ದಿನಗಳಲ್ಲಿ, ಗಾಡಿ 6,800 ಕಿ.ಮೀ. ದಾಟಿದಾಗ ನನ್ನ ತಂದೆಯವರು ಬಾನೆಟ್ ತೆಗೆಸಿ ಆಯಿಲ್ ನೋಡಿದರು. ನವಲಗುಂದ ತಾಲ್ಲೂಕಿನ ಹೊಲದಲ್ಲಿ ಮೂವತ್ತು ವರ್ಷ ಡೀಸೆಲ್ ಪಂಪ್‌ಸೆಟ್ಟನ್ನು ತಾವೇ ಬಿಚ್ಚಿ ಕಟ್ಟಿದವರು ಅವರು. ಯಾವ ಎಂಜಿನ್ ಕಂಡರೂ ಮೊದಲು ಆಯಿಲ್ ಅಳೆಯುವ ಕಡ್ಡಿಯನ್ನೇ ಎಳೆಯುತ್ತಾರೆ. ಹಳೆಯ ಬನಿಯನ್ ತುಂಡಿನಿಂದ ಕಡ್ಡಿಯನ್ನು ಒರೆಸಿ, ಮತ್ತೆ ಇಳಿಸಿ ತೆಗೆದಾಗ ಆಯಿಲ್ ಮೇಲಿನ ಗುರುತನ್ನು ಒಂದು ಬೆರಳಿನ ಅಗಲದಷ್ಟು ಮೀರಿ ನಿಂತಿತ್ತು. ಎರಡು ಬೆರಳಿನ ನಡುವೆ ತಿಕ್ಕಿ ನೋಡಿದರೆ ಜಿಡ್ಡಿನ ಹಿಡಿತವಿರಲಿಲ್ಲ, ಮೂಸಿದರೆ ಪೆಟ್ರೋಲ್ ವಾಸನೆ. "ಆಯಿಲ್ ಕಮ್ಮಿ ಆಗೋದು ನೋಡೇನಿ, ಹೆಚ್ಚಾಗೋದು ನೋಡಿಲ್ಲಪಾ" ಎಂದರು. ಅಲ್ಲಿಯವರೆಗೆ ಯಾರೂ ಆಯಿಲ್ ಹಾಕಿರಲಿಲ್ಲ.

ಮರುದಿನವೇ ಗಾಡಿಯನ್ನು ತಮ್ಮ ಸೇವಾ ಕೇಂದ್ರಕ್ಕೆ ಒಯ್ದೆ. ಅಲ್ಲಿ ಹೆಚ್ಚಾಗಿದ್ದ ಆಯಿಲನ್ನು ಹೀರಿ ತೆಗೆದು, ಗುರುತಿನ ಮಟ್ಟಕ್ಕೆ ತಂದು, ಜಾಬ್ ಕಾರ್ಡಿನಲ್ಲಿ "ಆಯಿಲ್ ಮಟ್ಟ ಸರಿಯಿದೆ" ಎಂದು ಬರೆದು ಕೊಟ್ಟರು. ತೆಗೆದದ್ದು ಎಷ್ಟೆಂದು ಬರೆಯಲಿಲ್ಲ, ಏಕೆ ಹೆಚ್ಚಾಯಿತೆಂದೂ ಬರೆಯಲಿಲ್ಲ. ಮಟ್ಟ ಸರಿಯಾಯಿತು, ಒಳಗೆ ಉಳಿದದ್ದು ಮಾತ್ರ ಅದೇ ನೀರಾದ ಆಯಿಲ್. ಸೇವಾ ಸಲಹೆಗಾರರನ್ನು ಒತ್ತಾಯಿಸಿ ಕೇಳಿದಾಗ ಬಂದ ಉತ್ತರ ಹೀಗಿತ್ತು: "ಗಾಡಿ ಬರೇ ಊರೊಳಗ ಓಡತೈತಿ ಸರ್, ವಾರಕ್ಕೊಮ್ಮೆ ಹೈವೇ ಮ್ಯಾಲೆ ನಲವತ್ತು-ಐವತ್ತು ಕಿಲೋಮೀಟರ್ ಒಗದು ಬರ್ರಿ." ಆಯಿಲ್‌ನಲ್ಲಿರುವ ಪೆಟ್ರೋಲನ್ನು ಆವಿ ಮಾಡಲು ಟ್ಯಾಂಕಿನಲ್ಲಿರುವ ಪೆಟ್ರೋಲನ್ನು ಸುಡಬೇಕೆಂಬ ಈ ಸಲಹೆಯನ್ನು ಖರೀದಿಯ ದಿನವೇ ಕೊಟ್ಟಿದ್ದರೆ ನಾನು ಈ ಗಾಡಿಯನ್ನು ಕೊಳ್ಳುತ್ತಲೇ ಇರಲಿಲ್ಲ.

ಇದರ ಕಾರಣ ತಮಗೆ ತಿಳಿಯದ್ದಲ್ಲ. ಈ ಎಂಜಿನ್ನಿನಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಸಿಂಪಡಿಸಲಾಗುತ್ತದೆ. ಎಂಜಿನ್ ತಣ್ಣಗಿರುವಾಗ ಹೆಚ್ಚು ಪೆಟ್ರೋಲ್ ಬೇಕಾಗುತ್ತದೆ. ಪೂರ್ತಿ ಆವಿಯಾಗದ ಭಾಗ ಸಿಲಿಂಡರಿನ ಗೋಡೆಗೆ ಅಂಟಿ, ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್‌ಗೆ ಇಳಿಯುತ್ತದೆ. ಗಾಡಿ ದೂರ ಓಡಿ ಆಯಿಲ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ಮೂರು ಕಿಲೋಮೀಟರಿನಲ್ಲಿ, ಅದರಲ್ಲೂ ಮಳೆಗಾಲದ ತಂಪಿನಲ್ಲಿ, ಆಯಿಲ್ ಕಾಯುವಷ್ಟರಲ್ಲಿ ಶಾಲೆಯ ಗೇಟು ಬಂದಿರುತ್ತದೆ. ಟರ್ಬೊ ಇಲ್ಲದ ಸಾಮಾನ್ಯ ಎಂಜಿನ್ನಿಗೂ ಇಂತಹ ಓಡಾಟ ಒಳ್ಳೆಯದಲ್ಲವೆಂಬುದನ್ನು ಬಲ್ಲೆ. ಆದರೆ ಇಲ್ಲಿ, ಹೊಗೆಯ ಒತ್ತಡದಿಂದ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೊದ ದಂಡವು ಇದೇ ಆಯಿಲಿನ ತೆಳುವಾದ ಪದರದ ಮೇಲೆ ತೇಲುತ್ತದೆ. ಆಯಿಲ್ ನೀರಾದರೆ ಮೊದಲು ಸವೆಯುವ ಭಾಗಗಳಲ್ಲಿ ಅದೂ ಒಂದು, ಮತ್ತು ಅದರ ಬದಲಿ ಬೆಲೆ ಎಷ್ಟೆಂದು ತಮ್ಮ ಬಿಡಿಭಾಗಗಳ ಕೌಂಟರಿನಲ್ಲಿ ವಿಚಾರಿಸಿ ಬಂದಿದ್ದೇನೆ.

ಗಾಡಿಯೊಂದಿಗೆ ಕೊಟ್ಟ ಕೈಪಿಡಿಯ ಹಿಂದಿನ ಪುಟಗಳಲ್ಲಿ, ಪದೇ ಪದೇ ಅಲ್ಪ ದೂರ ಓಡಿಸುವುದು "ಕಠಿಣ ಬಳಕೆ" ಎಂದೂ, ಹಾಗಿದ್ದಲ್ಲಿ ಆಯಿಲನ್ನು 10,000 ಕಿ.ಮೀ.ಗೆ ಬದಲಾಗಿ 5,000 ಕಿ.ಮೀ.ಗೇ ಬದಲಾಯಿಸಬೇಕೆಂದೂ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದೆ. ಶಾಲೆ, ಸಂತೆ, ಗುಡಿಗೆ ಹೋಗಿ ಬರುವ ನಮ್ಮಂಥವರ ಸಂಸಾರವೇ ತಮ್ಮ ಲೆಕ್ಕದಲ್ಲಿ ಕಠಿಣ ಬಳಕೆಯಾದರೆ, ಜಾಹೀರಾತಿನಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳನ್ನು ಕೂರಿಸಿ ಇದನ್ನು ಕುಟುಂಬದ ಕಾರೆಂದು ತೋರಿಸುವುದು ಹೇಗೆ? ಮೊದಲ ಸರ್ವಿಸಿನಲ್ಲಾಗಲಿ ಆರು ತಿಂಗಳ ತಪಾಸಣೆಯಲ್ಲಾಗಲಿ ನಮ್ಮ ಓಡಾಟದ ಬಗೆಯನ್ನು ಯಾರೂ ಕೇಳಲಿಲ್ಲ.

ಎರಡನೆಯ ದೂರು ಗಾಡಿಯ ತಡವರಿಕೆಯದು. ಎಂಜಿನ್ ನಿಮಿಷಕ್ಕೆ 1,800 ಸುತ್ತಿಗಿಂತ ಕೆಳಗಿರುವಾಗ ಟರ್ಬೊ ತುಂಬುವ ಗಾಳಿ ಸಾಲದೆ, ಇದು ಬರಿಯ ಒಂದು ಲೀಟರಿನ ಎಂಜಿನ್ ಆಗಿಬಿಡುತ್ತದೆ. ಕಳೆದ ಸೆಪ್ಟೆಂಬರಿನಲ್ಲಿ ಉಣಕಲ್ ಬಳಿ ಐದು ಜನರನ್ನು ಕೂರಿಸಿಕೊಂಡು, ಎ.ಸಿ. ಹಾಕಿಕೊಂಡು ನನ್ನ ಪತ್ನಿ ರಸ್ತೆ ದಾಟುವಾಗ ಆಕ್ಸಿಲರೇಟರ್ ಒತ್ತಿದರೂ ಗಾಡಿ ಕ್ಷಣಹೊತ್ತು ಮಲಗಿದಂತಾಗಿ, ನಂತರ ಒಮ್ಮೆಲೇ ಮುನ್ನುಗ್ಗಿತು. ಎದುರಿನಿಂದ ಬರುತ್ತಿದ್ದ ಉಳ್ಳಾಗಡ್ಡಿ ಲಾರಿಯ ಚಾಲಕ ಬ್ರೇಕ್ ಹಾಕಿದ್ದರಿಂದ ಉಳಿದೆವು. ತಾಯಿಯವರ ಮಡಿಲಲ್ಲಿದ್ದ ಸಾರಿನ ಪಾತ್ರೆ ಸೀಟಿನ ಮೇಲೆ ಚೆಲ್ಲಿ, ಅದರ ಕಲೆ ಇಂದಿಗೂ ಇದೆ. ಗೇರ್ ಇಳಿಸಬೇಕಿತ್ತೆಂದು ತಮ್ಮವರು ಹೇಳಿದರು. ಸರಿಯೇ. ಆದರೆ ಒಂಬತ್ತು ವರ್ಷ ಓಡಿಸಿದ ನಮ್ಮ ಹಳೆಯ ನಾಲ್ಕು ಸಿಲಿಂಡರಿನ 1.2 ಲೀಟರ್ ಕಾರು ಪ್ರತಿ ರಸ್ತೆ ಉಬ್ಬಿನ ಮುಂದೆಯೂ ಇಂಥ ಲೆಕ್ಕಾಚಾರವನ್ನು ಕೇಳುತ್ತಿರಲಿಲ್ಲ.

ಮೈಲೇಜಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಟ್ಯಾಂಕ್ ತುಂಬಿಸಿ ತುಂಬಿಸಿ ಲೆಕ್ಕವಿಟ್ಟಂತೆ ಊರೊಳಗೆ ಲೀಟರಿಗೆ 10.8 ಕಿ.ಮೀ., ಬೆಂಗಳೂರಿಗೆ ಹೋಗಿ ಬಂದಾಗ 17.5 ಕಿ.ಮೀ. ಸಿಕ್ಕಿದೆ, ತಾವು ಹೇಳಿದ್ದು 19. ಆ ಅಂಕಿ ಪ್ರಯೋಗಾಲಯದ ಉರುಳೆಗಳ ಮೇಲೆ ಬಂದದ್ದೆಂದು ಬಲ್ಲೆ. ಎಥೆನಾಲ್ ಬೆರಕೆಯೇ ಕಾರಣವೆಂಬ ತಮ್ಮ ಇಮೇಲ್ ಉತ್ತರವನ್ನು ಮಾತ್ರ ಒಪ್ಪಲಾರೆ: ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆಯಾದರೂ, ಶೇ 20ರ ಬೆರಕೆಯಿಂದ ಆಗುವ ಕುಸಿತ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶೇ 6ರಿಂದ 7 ಮಾತ್ರ.

ಈ ಎಂಜಿನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೇ ತಿಂಗಳಲ್ಲಿ ಅಂಕೋಲೆಯಿಂದ ಮರಳುವಾಗ ತುಂಬಿದ ಗಾಡಿ ಅರಬೈಲ್ ಘಟ್ಟವನ್ನು ದಣಿವಿಲ್ಲದೆ ಏರಿದ್ದನ್ನು ಕಂಡು ತಂದೆಯವರೇ ತಲೆದೂಗಿದರು. ನಾಲ್ಕು ಮೀಟರಿನೊಳಗಿನ ಪೆಟ್ರೋಲ್ ಗಾಡಿಯ ಎಂಜಿನ್ 1,200 ಸಿ.ಸಿ. ಮೀರದಿದ್ದರೆ ತೆರಿಗೆ ಕಡಿಮೆ, ಈ ಸೆಪ್ಟೆಂಬರ್ 22ರಿಂದ ಮೀರಿದವಕ್ಕೆ ಶೇ 40, ಮೀರದವಕ್ಕೆ ಶೇ 18, ಎಂಬುದರಿಂದಲೂ ಇಂಥ ಎಂಜಿನ್‌ಗಳು ಹೆಚ್ಚಿವೆ; ಅದಕ್ಕೂ ನನ್ನ ತಕರಾರಿಲ್ಲ. ದಿನಕ್ಕೆ ಹುಬ್ಬಳ್ಳಿಯಿಂದ ಗದಗಿಗೆ ಹೋಗಿ ಬರುವವರಿಗೆ ಇದು ತಕ್ಕ ಗಾಡಿ. ನಮಗೆ ತಕ್ಕದ್ದಲ್ಲವೆಂದು ಹೇಳಲು ಬೇಕಾದ ಎಲ್ಲ ಮಾಹಿತಿಯೂ ತಮ್ಮ ಪ್ರತಿನಿಧಿಯ ಮುಂದಿತ್ತು, ಅವರು ಹೇಳಲಿಲ್ಲ. ನನ್ನ ದೂರು ಅಷ್ಟೇ.

ಆದ್ದರಿಂದ ಈಗಿನ ಆಯಿಲಿನ ಮಾದರಿಯನ್ನು ನನ್ನ ಸಮ್ಮುಖದಲ್ಲಿ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದರಲ್ಲಿರುವ ಪೆಟ್ರೋಲಿನ ಪ್ರಮಾಣವನ್ನು ಲಿಖಿತವಾಗಿ ತಿಳಿಸಬೇಕು. ಆಯಿಲ್ ಮತ್ತು ಫಿಲ್ಟರನ್ನು ಉಚಿತವಾಗಿ ಬದಲಾಯಿಸಿ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನಲ್ಲಿ ಸೋರಿಕೆ ಇದೆಯೇ ಎಂದೂ ನೋಡಬೇಕು. ವಾರಂಟಿ ಮುಗಿಯುವವರೆಗೆ 5,000 ಕಿ.ಮೀ.ಗೊಮ್ಮೆ ಬೇಕಾಗುವ ಹೆಚ್ಚುವರಿ ಆಯಿಲ್ ಬದಲಾವಣೆಯ ವೆಚ್ಚವನ್ನು ತಾವೇ ಭರಿಸಬೇಕು ಮತ್ತು ಮುಂದೆ ಟರ್ಬೊ ಕೆಟ್ಟರೆ ನಮ್ಮ ಓಡಾಟದ ಬಗೆಯನ್ನು ನೆಪ ಮಾಡಿ ವಾರಂಟಿ ನಿರಾಕರಿಸುವುದಿಲ್ಲವೆಂದು ಬರೆದುಕೊಡಬೇಕು. ಜುಲೈ ತಿಂಗಳ ಜಾಬ್ ಕಾರ್ಡನ್ನು ತಿದ್ದಿ, ಹೀರಿ ತೆಗೆದ ಆಯಿಲಿನ ಪ್ರಮಾಣವನ್ನು ನಮೂದಿಸಬೇಕು. ಈ ಕೊನೆಯದಕ್ಕೆ ತಮಗೆ ಒಂದು ಪೈಸೆಯೂ ಖರ್ಚಿಲ್ಲ, ಆದರೆ ನನಗೆ ಅದೇ ಮುಖ್ಯ.

ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನು ವಾಸಿಸುವ ಧಾರವಾಡದಲ್ಲಿಯೇ ಇರುವ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ದೂರು ದಾಖಲಿಸುತ್ತೇನೆ. ಜಾಬ್ ಕಾರ್ಡಿನ ಪ್ರತಿ, ಆಯಿಲ್ ಕಡ್ಡಿಯ ಫೋಟೋಗಳು, ಹದಿಮೂರು ತಿಂಗಳ ಪೆಟ್ರೋಲ್ ರಸೀದಿಗಳ ಪಟ್ಟಿ ಮತ್ತು ಕೈಪಿಡಿಯ ಸಂಬಂಧಿತ ಪುಟದ ನಕಲನ್ನು ಲಗತ್ತಿಸಿದ್ದೇನೆ. ತಂದೆಯವರು ಆಯಿಲ್ ಒರೆಸಿದ ಬನಿಯನ್ ತುಂಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟಿದ್ದೇನೆ. ತಪಾಸಣೆಗೆ ಬರುವಾಗ ತರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ವಾಹನದ ಮಾಲೀಕ, ಸಪ್ತಾಪುರ, ಧಾರವಾಡ