ಗೋಡೆಯೊಳಗಿನ ಅಕ್ವೇರಿಯಂಗೆ ನಕ್ಷೆಯಲ್ಲೇ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ಹಾಲ್ ಮತ್ತು ಊಟದ ಕೋಣೆಯ ನಡುವಿನ ಗೋಡೆಯಲ್ಲಿ ಕೂರಿಸುವ ಅಕ್ವೇರಿಯಂಗಳ ಬಗ್ಗೆ ತಮ್ಮ ಪತ್ರಿಕೆಯ ಗೃಹಾಲಂಕಾರ ಪುರವಣಿಯಲ್ಲಿ ಬಂದ ಸಚಿತ್ರ ಲೇಖನವನ್ನು ಓದಿದೆ. ಚಿತ್ರಗಳು ಸೊಗಸಾಗಿದ್ದವು. ಆದರೆ ಆ ತೊಟ್ಟಿಗೆ ನೀರನ್ನು ಎಲ್ಲಿಂದ ತುಂಬಬೇಕು, ಕೊಳೆ ನೀರು ಎಲ್ಲಿಗೆ ಹೋಗಬೇಕು, ಸತ್ತ ಮೀನನ್ನು ಯಾವ ಕಡೆಯಿಂದ ಕೈಹಾಕಿ ತೆಗೆಯಬೇಕು ಎಂಬುದರ ಬಗ್ಗೆ ಇಡೀ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಸಿವಿಲ್ ಎಂಜಿನಿಯರ್ ಆಗಿ ಮನೆ ಕಟ್ಟಿಸಿದವನು, ಮನೆಯಲ್ಲಿ ಮೀನನ್ನೂ ಸಾಕುತ್ತಿರುವವನು ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಗೋಡೆಯ ಅಕ್ವೇರಿಯಂ ಬಣ್ಣ, ಪರದೆಗಳ ಜತೆಗೆ ಕೊನೆಯಲ್ಲಿ ಯೋಚಿಸುವ ವಸ್ತುವಲ್ಲ; ಬಚ್ಚಲಮನೆಗೆ ಹೇಗೋ ಹಾಗೆ ಅದಕ್ಕೂ ನಕ್ಷೆ ಬರೆಯುವಾಗಲೇ ಜಾಗ, ನಲ್ಲಿ, ಚರಂಡಿ ಪೈಪು ಮತ್ತು ವಿದ್ಯುತ್ ಸಂಪರ್ಕ ನಿಗದಿಯಾಗಬೇಕು.

ಮೊದಲು ಭಾರದ ಮಾತು. 5 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ ಅಂಚಿನವರೆಗೆ ತುಂಬಿದರೆ ಸುಮಾರು 425 ಲೀಟರ್ ನೀರು ಹಿಡಿಯುತ್ತದೆ, ಅಂದರೆ ಅಷ್ಟೇ ಕಿಲೋಗ್ರಾಂ ತೂಕ. 12 ಮಿ.ಮೀ. ಗಾಜಿನ ತೂಕವೇ 90 ಕಿಲೋ ದಾಟುತ್ತದೆ. ತಳಕ್ಕೆ ಹಾಸುವ ಜಲ್ಲಿ, ಕಲ್ಲು, ಕೆಳಗಿನ ಸ್ಟ್ಯಾಂಡ್ ಎಲ್ಲ ಸೇರಿದರೆ 600 ಕಿಲೋ ಆಗುವುದು ದೊಡ್ಡ ಮಾತಲ್ಲ. ವಾಸದ ಕೋಣೆಗಳ ನೆಲಕ್ಕೆ ಭಾರತೀಯ ಮಾನಕವಾದ ಐಎಸ್ 875 ಹೇಳುವ ಬಳಕೆಯ ಭಾರ, ಅಂದರೆ ಜನ ಮತ್ತು ಸಾಮಾನುಗಳ ತೂಕ, ಚದರ ಮೀಟರಿಗೆ ಸುಮಾರು 200 ಕಿಲೋ. ನಮ್ಮ ತೊಟ್ಟಿಯಾದರೋ ಮುಕ್ಕಾಲು ಚದರ ಮೀಟರಿಗೂ ಕಡಿಮೆ ಜಾಗದಲ್ಲಿ 600 ಕಿಲೋ ಹೇರುತ್ತದೆ. ಇದರಿಂದ ಸ್ಲ್ಯಾಬ್ ಕುಸಿದೇಬಿಡುತ್ತದೆ ಎಂದು ನಾನು ಹೆದರಿಸುತ್ತಿಲ್ಲ, ಏಕೆಂದರೆ ಕೋಣೆಯ ಉಳಿದ ಭಾಗ ಖಾಲಿ ಇರುತ್ತದೆ ಮತ್ತು ಭಾರ ಹಂಚಿಹೋಗುತ್ತದೆ. ಆದರೂ ತೊಟ್ಟಿಯು ಬೀಮಿನ ನೇರದಲ್ಲಿದೆಯೋ ಸ್ಲ್ಯಾಬಿನ ನಟ್ಟನಡುವೆ ಇದೆಯೋ ಎಂಬುದರ ಮೇಲೆ ಬಹಳ ವ್ಯತ್ಯಾಸವಾಗುತ್ತದೆ. ಇದನ್ನು ಕಟ್ಟಡದ ರಚನಾ ನಕ್ಷೆ ನೋಡಿದ ಎಂಜಿನಿಯರ್ ಹೇಳಬೇಕೇ ಹೊರತು ಒಳಾಂಗಣ ವಿನ್ಯಾಸಕರಲ್ಲ.

ಗೋಡೆಯೇ ಭಾರ ಹೊರುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಪಿಲ್ಲರ್ ಹಾಕಿ ಕಟ್ಟಿದ ಇಂದಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕೋಣೆಗಳ ನಡುವಿನ 4 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಬರೀ ಮರೆಗೆ ಇರುವಂಥದ್ದು. ಹಳೆಯ ಮನೆಗಳ 9 ಇಂಚಿನ ಇಟ್ಟಿಗೆ ಗೋಡೆಯ ಕಥೆ ತದ್ವಿರುದ್ಧ. ಚಾವಣಿಯನ್ನು ಹೊತ್ತು ನಿಂತಿರುವುದೇ ಅದು, ಅದರಲ್ಲಿ ಮೇಲಿನ ಭಾರ ಹೊರುವ ಅಡ್ಡತೊಲೆ (ಲಿಂಟಲ್) ಇಲ್ಲದೆ ಐದಡಿ ತೂತು ಕೊರೆದರೆ ಬಿರುಕು ಖಚಿತ. ಮೇಸ್ತ್ರಿಗಳು ಅಭ್ಯಾಸಬಲದಿಂದ ಸೂಚಿಸುವ ಕಡಪ ಕಲ್ಲಿನ ಹಲಗೆಯನ್ನು ಅಡುಗೆಮನೆಯ ಡಬ್ಬಿಗಳಿಗೆ ಬಿಟ್ಟುಬಿಡುವುದು ಒಳ್ಳೆಯದು. ತೊಟ್ಟಿ ತನ್ನದೇ ಆದ ಕಬ್ಬಿಣದ ಸ್ಟ್ಯಾಂಡ್ ಅಥವಾ ಕಟ್ಟೆಯ ಮೇಲೆ, ಸಮಮಟ್ಟದಲ್ಲಿ, ಅಡಿಗೆ ಥರ್ಮಾಕೋಲ್ ಹಾಳೆ ಹಾಸಿ ನಿಲ್ಲಬೇಕು. ಗೋಡೆಯ ಕಂಡಿ ಅದಕ್ಕೆ ಚೌಕಟ್ಟು ಮಾತ್ರ. ಗಾಜಿನ ಅಂಚಿಗೆ ಗಾರೆ ಮೆತ್ತಿ ಮುಚ್ಚುವುದಂತೂ ಕೂಡದು. ಸಿಲಿಕೋನ್ ಬೆಸುಗೆ ಒಂದಲ್ಲ ಒಂದು ದಿನ ಜಿನುಗಿದಾಗ ತೊಟ್ಟಿಯನ್ನು ಹೊರಗೆಳೆಯಲು ಗೋಡೆ ಒಡೆಯಬೇಕಾಗುತ್ತದೆ. ಅರ್ಧ ಇಂಚು ಸಂದು ಬಿಟ್ಟು, ತೆಗೆದು ಹಾಕಬಹುದಾದ ಮರದ ಬೀಡಿಂಗ್ ಕೊಟ್ಟರೆ ಸಾಕು. ಗಾಜಿನ ಮೇಲಿನ ಒತ್ತಡವನ್ನು ನಿರ್ಧರಿಸುವುದು ನೀರಿನ ಎತ್ತರ. ಮೇಲೆ ಹೇಳಿದ ತೊಟ್ಟಿಯ ಮುಂಗಾಜು ಸುಮಾರು 280 ಕಿಲೋ ತೂಕಕ್ಕೆ ಸಮನಾದ ನೂಕನ್ನು ಸದಾಕಾಲ ತಡೆಯುತ್ತಿರುತ್ತದೆ. ತೊಟ್ಟಿಯ ಅಗಲ ಒಂದಡಿಯಿದ್ದರೂ ಮೂರಡಿಯಿದ್ದರೂ ಈ ಲೆಕ್ಕ ಬದಲಾಗದು.

ಇನ್ನು ಎಲ್ಲಕ್ಕಿಂತ ಹೆಚ್ಚು ಕಡೆಗಣನೆಗೆ ಒಳಗಾಗುವ ಸಂಗತಿಯೆಂದರೆ ಕೈಹಾಕುವ ಜಾಗ. ಪರಿಚಯದ ಒಬ್ಬರ ಫ್ಲ್ಯಾಟಿನಲ್ಲಿ ಎರಡೂ ಬದಿಗೆ ಗಾಜು ಕಾಣುವಂತೆ ಕೂರಿಸಿ, ಮೇಲೆ ಪ್ಲೈವುಡ್ ಪ್ಯಾನೆಲ್ ಹೊಡೆದು, ಆಹಾರ ಹಾಕಲೆಂದು ಅಂಗೈ ಅಗಲದ ಬಾಗಿಲು ಬಿಟ್ಟಿದ್ದರು. ಒಂದು ಗೋಲ್ಡ್‌ಫಿಶ್ ಸತ್ತು ಫಿಲ್ಟರ್ ಪೈಪಿನ ಹಿಂದೆ ಸಿಕ್ಕಿಕೊಂಡಿತು. ಬಲೆ ಆ ಬಾಗಿಲಲ್ಲಿ ತೂರಲಿಲ್ಲ. ಮನೆಯಾಕೆ ಒಗ್ಗರಣೆ ಸೌಟಿಗೆ ಕೋಲು ಕಟ್ಟಿ ಪ್ರಯತ್ನಿಸುತ್ತಿದ್ದುದನ್ನು ನಾನೇ ಕಂಡೆ. ಕಡೆಗೆ ಬಡಗಿಯನ್ನು ಕರೆಸಿ ಪ್ಯಾನೆಲ್ ಬಿಚ್ಚಿಸಿದಾಗ ಅದರ ಒಳಮೈ ಉಬ್ಬಿ ಪದರ ಪದರವಾಗಿ ಕಿತ್ತು ಬಂದಿತ್ತು, ಸುತ್ತಲಿನ ಪುಟ್ಟಿ ಹಪ್ಪಳದಂತೆ ಎದ್ದಿತ್ತು. ನೀರು ಹಗಲಿರುಳೂ ಆವಿಯಾಗುತ್ತಲೇ ಇರುತ್ತದೆ, ಅದಕ್ಕೆ ಹೊರದಾರಿ ಬೇಕು. ಆದ್ದರಿಂದ ತೊಟ್ಟಿಯ ಮೇಲೆ ಕನಿಷ್ಠ ಒಂದೂವರೆ ಅಡಿ ತೆರಪು, ಇಡೀ ಉದ್ದಕ್ಕೂ ತೆರೆಯುವ ಬಾಗಿಲು, ಗಾಳಿಯಾಡುವ ಕಿಂಡಿ ಮತ್ತು ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಇರಲಿ. ಸಾಧ್ಯವಾದರೆ ಹಿಂಬದಿಯು ಯುಟಿಲಿಟಿ ಅಥವಾ ಸ್ಟೋರ್ ಕೋಣೆಗೆ ತೆರೆದಿರಲಿ. ಸಾರ್ವಜನಿಕ ಮತ್ಸ್ಯಾಲಯಗಳಲ್ಲಿ ನಮಗೆ ಕಾಣುವುದು ಗಾಜು ಮಾತ್ರ. ಕೆಲಸವೆಲ್ಲ ನಡೆಯುವುದು ಅದರ ಹಿಂದಿನ ಓಣಿಯಲ್ಲಿ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದೆಂದರೆ ಈ ಗಾತ್ರಕ್ಕೆ ನೂರು ಲೀಟರ್, ಅಂದರೆ ಏಳು ಬಕೆಟ್ ಹೊರಕ್ಕೆ, ಏಳು ಒಳಕ್ಕೆ. ಹತ್ತಿರದಲ್ಲೇ ಒಂದು ನಲ್ಲಿ ಮತ್ತು ನೆಲದ ಜಾಲರಿ ಇಲ್ಲದಿದ್ದರೆ ಈ ಉತ್ಸಾಹ ಎರಡು ತಿಂಗಳಿಗೇ ಇಳಿಯುತ್ತದೆ. ನಲ್ಲಿ ನೀರಿನ ಕ್ಲೋರಿನ್ ತೆಗೆಯದೆ ಸುರಿಯಬಾರದು. ಗಡಸಾದ ಬೋರ್‌ವೆಲ್ ನೀರು ಗಪ್ಪಿ, ಮೋಲಿ ಜಾತಿಯ ಮೀನುಗಳಿಗೆ ಒಗ್ಗುತ್ತದೆ, ನಿಯಾನ್ ಟೆಟ್ರಾ, ಡಿಸ್ಕಸ್‌ಗಳಿಗೆ ಒಗ್ಗದು. ವಿದ್ಯುತ್ತಿನ ವಿಷಯದಲ್ಲಿ, ಈ ಸಾಕೆಟ್‌ಗಳಿಗೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಕಡ್ಡಾಯವೆಂದೇ ಭಾವಿಸಬೇಕು. ಕರೆಂಟ್ ಹೋದಾಗ ನೀರು ಏರ್ ಪಂಪಿನ ಕೊಳವೆಯಲ್ಲಿ ಹಿಂದಕ್ಕೆ ಹರಿದು ಸಾಕೆಟ್‌ವರೆಗೂ ಬರಬಲ್ಲದು, ಆದ್ದರಿಂದ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕು, ಇಲ್ಲವೇ ನೀರು ಹಿಂದಿರುಗದಂತೆ ತಡೆಯುವ ಪುಟ್ಟ ವಾಲ್ವ್ ಹಾಕಬೇಕು. ಇನ್ವರ್ಟರಿನಿಂದ ಅಲ್ಲಿಗೊಂದು ಪಾಯಿಂಟ್ ಎಳೆದಿರುವುದು ಮೀನುಗಳ ಉಸಿರಿನ ಪ್ರಶ್ನೆ.

ಗೋಡೆಯ ದಪ್ಪಕ್ಕೆ ಹೊಂದಿಸಲು ಹೋಗಿ ತೊಟ್ಟಿಯನ್ನು 9 ಇಂಚಿಗೆ ಇಳಿಸಿ, ಅದರಲ್ಲಿ ವಾಸ್ತುವಿಗೆಂದು ಅರೋವಾನಾ ಬಿಡುವವರಿದ್ದಾರೆ. ಎರಡಡಿ ಮೀರಿ ಬೆಳೆಯುವ ಆ ಮೀನು ಅಲ್ಲಿ ತಿರುಗುವುದಾದರೂ ಹೇಗೆ? ವಾಸ್ತು ಹೇಳುವ ಈಶಾನ್ಯ ದಿಕ್ಕಿನ ಬಗ್ಗೆ ನನಗೆ ತಕರಾರಿಲ್ಲ, ಆದರೆ ಆ ಮೂಲೆಯಲ್ಲಿ ಕಿಟಕಿಯ ಬಿಸಿಲು ನೇರವಾಗಿ ಬೀಳುವುದಾದರೆ ಗಾಜಿನ ತುಂಬ ಪಾಚಿಯೇ ಕಾಣುತ್ತದೆ.

ಮುಂದೆ ಇಂಥ ಲೇಖನ ಪ್ರಕಟಿಸುವಾಗ ತೊಟ್ಟಿಯ ಭಾರ, ಕೈಹಾಕುವ ದಾರಿ ಮತ್ತು ನೀರು ಬದಲಿಸುವ ಏರ್ಪಾಟನ್ನೂ ಚಿತ್ರದ ಪಕ್ಕದಲ್ಲಿ ನಮೂದಿಸಬೇಕೆಂದು ಕೋರುತ್ತೇನೆ. ಅಪಾರ್ಟ್‌ಮೆಂಟ್ ಸಂಘಗಳು ಗೋಡೆ ಒಡೆಯಲು ಅನುಮತಿ ಕೊಡುವ ಮುನ್ನ ಎಂಜಿನಿಯರ್ ಬರೆದುಕೊಟ್ಟ ಅಭಿಪ್ರಾಯ ಕೇಳುವುದು ಕೆಳಗಿನ ಮನೆಯವರ ದೃಷ್ಟಿಯಿಂದಲೂ ನ್ಯಾಯ. ಈಗಾಗಲೇ ಕಟ್ಟಿ ಮುಗಿದ ಮನೆಯವರಿಗೂ ಸುಲಭದ ದಾರಿಯಿದೆ. ಎಂಜಿನಿಯರ್ ತೋರಿಸಿದ ಜಾಗದಲ್ಲಿ ತೊಟ್ಟಿಯನ್ನು ಸ್ಟ್ಯಾಂಡ್ ಮೇಲೆ ಗೋಡೆಗೆ ಒರಗಿದಂತೆ ಇರಿಸಿ, ಮುಂದೆ ಮರದ ಚೌಕಟ್ಟು, ಮೇಲೂ ಕೆಳಗೂ ತೆರೆಯುವ ಬಾಗಿಲುಗಳನ್ನು ಮಾಡಿಸಿದರೆ ನೋಡುವವರಿಗೆ ಗೋಡೆಯೊಳಗೇ ಇದ್ದಂತೆ ಕಾಣುತ್ತದೆ, ಒಂದು ಇಟ್ಟಿಗೆಯನ್ನೂ ಮುಟ್ಟಬೇಕಾಗಿಲ್ಲ.

ಇಂತಿ,
ನಿವೃತ್ತ ಸಿವಿಲ್ ಎಂಜಿನಿಯರ್, ಮೈಸೂರು