ಮಗಳಿಗೊಂದು ಪತ್ರ: ಅಜ್ಜಿಯ ಚರಗದ ಬುಟ್ಟಿ

ಪುಟ್ಟೀ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಮ್ಮಾ, ಈ ಹಬ್ಬ, ಎಡೆ, ಪೂಜೆ ಎಲ್ಲ ಗೊತ್ತಿದ್ದು ಮಾಡ್ತೀಯಾ, ಸುಮ್ನೆ ಮಾಡ್ತೀಯಾ?" ಅಂತ. ಒಲೆ ಮೇಲೆ ಹಾಲು ಇತ್ತು, "ಹಿರಿಯರು ಮಾಡ್ತಿದ್ರು, ನಾವೂ ಮಾಡ್ತೀವಿ" ಅಂದು ಫೋನ್ ಇಟ್ಟುಬಿಟ್ಟೆ. ರಾತ್ರಿಯೆಲ್ಲ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅದು ಉತ್ತರವೇ ಅಲ್ಲ. ನನ್ನ ಅಜ್ಜಿ ನನಗೆ ಹೇಳಿದ್ದೂ ಅದನ್ನೇ, ನಿಜ. ಆದರೆ ಅವಳು ಹೇಳಿದ್ದಕ್ಕಿಂತ ಮಾಡಿದ್ದರಲ್ಲಿ ಜಾಸ್ತಿ ಇತ್ತು. ನಾನು ಅದನ್ನು ನೋಡಿಕೊಂಡು ಬೆಳೆದೆ, ನಿನಗೆ ನೋಡಲು ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬಸ್ಸಿನಲ್ಲಿ ಕೂತಾಗ ಓದು.

ಎಲ್ಲಿಂದ ಶುರು ಮಾಡಲಿ ಅಂದರೆ ಭೂಮಿ ಹುಣ್ಣಿಮೆಯಿಂದಲೇ ಮಾಡಬೇಕು. ಬೇರೆ ಕಡೆ ಸೀಗೆ ಹುಣ್ಣಿಮೆ ಅನ್ನುತ್ತಾರೆ, ನಮ್ಮ ಸಾಗರದ ಕಡೆ ಭೂಮಿ ಹುಣ್ಣಿಮೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ಎಲೆಯ ಸುರುಳಿಯೊಳಗೆ ಉಬ್ಬಿಕೊಂಡಿರುತ್ತದೆ. ಭೂಮಿ ಬಸುರಿ ಅಂತ ಲೆಕ್ಕ. ಮನೆಯಲ್ಲಿ ಬಸುರಿ ಇದ್ದರೆ ಬಯಕೆ ಊಟ ಹಾಕುವುದಿಲ್ಲವಾ, ಹಾಗೆ ಭೂಮಿಗೂ ಬಯಕೆ ಊಟ.

ವಿಜಯದಶಮಿ ಮುಗಿದು ಐದು ದಿನಕ್ಕೆ ಹುಣ್ಣಿಮೆ. ಆ ಐದು ದಿನ ಅಜ್ಜಿ ಬುಟ್ಟಿಯ ಮುಂದೆಯೇ ಕೂತಿರುತ್ತಿದ್ದಳು. ಬಿದಿರ ಬುಟ್ಟಿಗೆ ಸಗಣಿ ಬಳಿದು, ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ. ಕುಂಚ ಅಂದರೆ ಪುಂಡಿ ನಾರು, ತುದಿ ಜಜ್ಜಿದ್ದು. ಒಂದೊಂದು ಎಳೆ ಎಳೆಯುವಾಗಲೂ ಉಸಿರು ಬಿಗಿ ಹಿಡಿಯುತ್ತಿದ್ದಳು. ಭತ್ತದ ಸಸಿ, ಎತ್ತಿನ ಗಾಡಿ, ಏಣಿ, ಸೂರ್ಯ, ಚಂದ್ರ. ಅದಕ್ಕೆ ಭೂಮಣ್ಣಿ ಬುಟ್ಟಿ ಅಂತ ಹೆಸರು. ದೊಡ್ಡದೊಂದು, ಚಿಕ್ಕದೊಂದು. ನಾನು ಪಕ್ಕದಲ್ಲಿ ಕೂತು ತೆಂಗಿನ ಚಿಪ್ಪಿನಲ್ಲಿ ಹಿಟ್ಟು ಕಲಸಿ ಕೊಡುತ್ತಿದ್ದೆ. ಗಟ್ಟಿಯಾದರೆ ಬೈಗುಳ, ತೆಳ್ಳಗಾದರೂ ಬೈಗುಳ!

ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರು ಯಾರೂ ಮಲಗುತ್ತಿರಲಿಲ್ಲ. ಚರಗ ಬೇಯಬೇಕಲ್ಲ. ಚರಗ ಅಂದರೆ ಅನ್ನ, ಸೊಪ್ಪು, ತರಕಾರಿ ಎಲ್ಲ ಸೇರಿಸಿ ಮಾಡುವುದು. ಅದಕ್ಕೆ ನೂರೊಂದು ಕುಡಿ ಬೇಕು ಅಂತ ಹಿಂದಿನಿಂದ ಬಂದ ಮಾತು. ಅಜ್ಜಿಗೆ ಅಷ್ಟೆಲ್ಲ ಎಲ್ಲಿ ಸಿಗಬೇಕು, ಇಪ್ಪತ್ತೋ ಮೂವತ್ತೋ ಸಿಗುತ್ತಿತ್ತು. ಆದರೂ ಎರಡು ದಿನ ಮೊದಲೇ ನನ್ನನ್ನು ಕರೆದುಕೊಂಡು ಬೇಲಿ, ಗದ್ದೆ ಬದು, ಕೆರೆ ಏರಿ, ಗುಡ್ಡ ಸುತ್ತುತ್ತಿದ್ದಳು. ಇದು ಒಂದೆಲಗ, ಇದು ಹೊನಗೊನೆ, ಇದು ಗಣಿಕೆ, ಇದು ಚಗಟೆ, ಇದು ಅಮಟೆ ಚಿಗುರು. ಕೆಸಕ್ಕೆ ಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದೆ, ನೆನಪಿಟ್ಟುಕೋ. ಇದು ಅದರ ಹಾಗೇ ಕಾಣುತ್ತದೆ, ಆದರೆ ಅದಲ್ಲ, ಮುಟ್ಟಬೇಡ. ಕಿತ್ತು ಮೂಸಿ ನೋಡು, ಉಗುರಲ್ಲಿ ಚಿವುಟಿ ನೋಡು.

ಇದು ಏನು ಅಂತ ನನಗೆ ಅರ್ಥ ಆಗಿದ್ದು ನಲವತ್ತು ದಾಟಿದ ಮೇಲೆ. ವರ್ಷಕ್ಕೊಮ್ಮೆ ಆ ಸೊಪ್ಪುಗಳನ್ನೆಲ್ಲ ಹುಡುಕಲೇಬೇಕು, ಹುಡುಕಬೇಕಾದರೆ ಗುರುತಿರಲೇಬೇಕು, ಗುರುತಿರಬೇಕಾದರೆ ಒಬ್ಬಳು ದೊಡ್ಡವಳು ಒಬ್ಬಳು ಚಿಕ್ಕವಳನ್ನು ಕೈ ಹಿಡಿದು ಕರೆದುಕೊಂಡು ಹೋಗಲೇಬೇಕು. ಓದು ಬರಹ ಬಾರದ ಹೆಂಗಸರು ಊರಿನ ಗಿಡಗಳ ಹೆಸರನ್ನು ಹೀಗೆ ಕಾಪಾಡಿದರು. ಹಬ್ಬ ಬಿಟ್ಟರೆ ಹೆಸರು ಹೋಗುತ್ತದೆ. ಹೆಸರು ಹೋದರೆ ಅದು ಕಳೆ ಆಗುತ್ತದೆ, ಕಳೆ ಆದಮೇಲೆ ಔಷಧಿ ಹೊಡೆದು ಸುಡುತ್ತೇವೆ. ನಮ್ಮ ಈಗಿನ ಗದ್ದೆ ಬದುವಿನಲ್ಲಿ ಹೊನಗೊನೆ ಹುಡುಕಿ ನೋಡು, ಗೊತ್ತಾಗುತ್ತದೆ.

ಇನ್ನೂ ಕತ್ತಲೆ ಇರುವಾಗಲೇ ಹೊರಡುವುದು. ಅಜ್ಜನ ತಲೆಯ ಮೇಲೆ ಬುಟ್ಟಿ, ಚಿಕ್ಕಪ್ಪನ ಕೈಯಲ್ಲಿ ಜಾಗಟೆ, ಮುಂದೆ ದೊಂದಿ ಬೆಳಕು. ಗದ್ದೆಗೆ ಹೋಗಿ ಭತ್ತದ ಬುಡಕ್ಕೆ ಪೂಜೆ. ಅಜ್ಜಿ ತನ್ನ ಕುತ್ತಿಗೆಯ ಸರ ತೆಗೆದು ಸಸಿಗೆ ಹಾಕುತ್ತಿದ್ದಳು. ಒಂದೇ ಒಂದು ಚಿನ್ನದ ಸರ ಇತ್ತು ಅವಳ ಹತ್ತಿರ, ಅದು ಮೊದಲು ಭೂಮಿಗೆ. ಆಮೇಲೆ ಅಜ್ಜ ಭೂಮಿತಾಯನ್ನು ಉಣ್ಣಲು ಕರೆಯುತ್ತಾ ಗದ್ದೆ ತುಂಬ ಚರಗ ಬೀರುತ್ತಿದ್ದ. ಒಂದು ಕಡುಬನ್ನು ಮಣ್ಣಿನಲ್ಲಿ ಹೂತಿಡುತ್ತಿದ್ದ.

ಅಷ್ಟಾದ ಮೇಲೆ ಅಜ್ಜಿ ಬದುವಿನ ಮೇಲೆ ಎರಡು ಎಲೆ ಹಾಕುತ್ತಿದ್ದಳು. ಒಂದು ಕಾಗೆಗೆ, ಒಂದು ಇಲಿಗೆ. ಕಾಗೆಗೆ ಸರಿ, ಪಿತೃಗಳು ಅಂತಾರೆ. ಇಲಿಗೆ ಯಾಕೆ? ನನಗೆ ಆಗ ಏಳೋ ಎಂಟೋ ವರ್ಷ. "ಅಜ್ಜೀ, ಇಲಿ ನಮ್ಮ ಭತ್ತ ತಿನ್ನುತ್ತಲ್ಲ, ಅದಕ್ಕೂ ಊಟ ಹಾಕ್ತೀಯಾ?" ಅಂದೆ. ಅಜ್ಜಿ ತಲೆ ಎತ್ತಲಿಲ್ಲ. "ಕೊಡದೆ ತಿಂದರೆ ಕಳ್ಳತನ, ಕೊಟ್ಟರೆ ಪಾಲು" ಅಂದಳು. ಅಷ್ಟೇ. ಇಲಿ ಹೇಗೂ ತಿನ್ನುತ್ತದೆ ಪುಟ್ಟಿ, ಅದನ್ನು ತಡೆಯಲು ಯಾರಿಗೂ ಆಗುವುದಿಲ್ಲ. ಆದರೆ ಅದನ್ನು ಕಳ್ಳ ಅಂದುಕೊಂಡು ಬದುಕುವುದು ಬೇರೆ, ಪಾಲುದಾರ ಅಂದುಕೊಂಡು ಬದುಕುವುದು ಬೇರೆ.

ಆ ಮಾತು ಕೇಳಿದ ಮೇಲೆ ನನಗೆ ಅಜ್ಜಿ ಮಾಡುವ ಎಲ್ಲದರಲ್ಲೂ ಆ ಪಾಲು ಕಾಣತೊಡಗಿತು. ಅಂಗಳದ ರಂಗೋಲಿ ಅಕ್ಕಿ ಹಿಟ್ಟಿನದು. ಒಂಬತ್ತು ಗಂಟೆಗೆಲ್ಲ ಇರುವೆಗಳು ಸಾಲು ಹಿಡಿದು ಅದನ್ನು ಹೊತ್ತುಕೊಂಡು ಹೋಗುತ್ತಿದ್ದವು, ಮರುದಿನ ಮತ್ತೆ ಹಾಕುತ್ತಿದ್ದಳು. ನಾನು ಈಗ ಹಾಕುವ ಕಲ್ಲಿನ ಪುಡಿ ಮೂರು ದಿನ ಇರುತ್ತದೆ, ಇರುವೆ ಹತ್ತಿರ ಬರುವುದಿಲ್ಲ. ಸಂಜೆಯ ಮೇಲೆ ಹೂವು ಕೀಳುವ ಹಾಗಿರಲಿಲ್ಲ, "ಗಿಡ ಮಲಗಿದೆ" ಅನ್ನುತ್ತಿದ್ದಳು. ಕತ್ತಲಲ್ಲಿ ಹುಳ ಹಾವು ಕಚ್ಚಬಾರದು ಅಂತಲೂ ಇರಬಹುದು. ಆದರೆ ಅವಳು ಹೇಳಿದ್ದು ಗಿಡದ ನಿದ್ದೆಯ ಬಗ್ಗೆ, ನನಗೆ ಅದೇ ಇಷ್ಟ.

ನಾಗರ ಪಂಚಮಿಯ ದಿನ ಗುದ್ದಲಿ ಮುಟ್ಟುವ ಹಾಗಿಲ್ಲ, ನೇಗಿಲು ಕಟ್ಟುವ ಹಾಗಿಲ್ಲ, ಒಲೆ ಮೇಲೆ ಹೆಂಚು ಇಡುವ ಹಾಗಿಲ್ಲ. ಶ್ರಾವಣದ ಮಳೆಗೆ ಬಿಲಗಳಲ್ಲಿ ನೀರು ತುಂಬಿ ಹಾವು, ಕಪ್ಪೆ, ಏಡಿ ಎಲ್ಲ ಬದುವಿನ ಮೇಲೆ ಬಂದಿರುತ್ತವೆ. ಒಂದು ದಿನವಾದರೂ ಅಗೆಯಬೇಡಿ ಅನ್ನುವುದು. ಹಾವು ಇಲಿ ತಿನ್ನುತ್ತದೆ, ಇಲಿ ಭತ್ತ ತಿನ್ನುತ್ತದೆ, ನಾವೂ ಭತ್ತ ತಿನ್ನುತ್ತೇವೆ, ಲೆಕ್ಕ ಗೊತ್ತಿದ್ದವರೇ ಮಾಡಿದ ಹಬ್ಬ ಅದು. ಅದೇ ಹಬ್ಬಕ್ಕೆ ಹುತ್ತಕ್ಕೆ ಕೈ ಮುಗಿದ ಅಜ್ಜ, ಪಕ್ಕದ ಮನೆಯವರಿಗೆ ಹಾವು ಕಚ್ಚಿದಾಗ ಮಂತ್ರ ಹಾಕಿಸೋಣ ಅಂದವರ ಮಾತು ಕೇಳದೆ ಜೀಪು ಮಾಡಿಸಿ ಆಸ್ಪತ್ರೆಗೆ ಸಾಗಿಸಿದ. ಇದನ್ನೂ ನೆನಪಿಟ್ಟುಕೋ. ಹಾವಿಗೆ ಕೈ ಮುಗಿಯುವುದೂ ಕಚ್ಚಿದರೆ ಇಂಜೆಕ್ಷನ್ ಕೊಡಿಸುವುದೂ ಅವನಿಗೆ ಒಂದಕ್ಕೊಂದು ವಿರುದ್ಧ ಅನ್ನಿಸಲೇ ಇಲ್ಲ.

ಅಜ್ಜ ಅಂದಾಗ ಪಂಚಾಂಗ ನೆನಪಾಯಿತು. ಜಗುಲಿಯ ಮೊಳೆಗೆ ಒಂಟಿಕೊಪ್ಪಲ್ ಪಂಚಾಂಗ ನೇತಾಡುತ್ತಿತ್ತು, ಅದರ ಪಕ್ಕ ಅಜ್ಜನ ಕನ್ನಡಕ. ಅಜ್ಜನಿಗೆ ಮಳೆಗಳಿಗೂ ಹೆಸರಿತ್ತು. ರೋಹಿಣಿ, ಮೃಗಶಿರ, ಆರಿದ್ರ, ಒಂದೊಂದಕ್ಕೂ ಹೆಚ್ಚುಕಡಿಮೆ 14 ದಿನ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅನ್ನುತ್ತಾ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿಸುತ್ತಿದ್ದ. ನಾನು ಮಗ ಅಲ್ಲ ಅಂದರೆ, "ಉಣ್ಣೋದಕ್ಕೆ ಎಲ್ಲರೂ ಮಕ್ಕಳೇ" ಅನ್ನುತ್ತಿದ್ದ.

ನೀನು ಲೆಕ್ಕದಲ್ಲಿ ಜಾಣೆ, ಇದನ್ನು ನೋಡು. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ಸೂರ್ಯನ ವರ್ಷ 365. ವರ್ಷಕ್ಕೆ 11 ದಿನ ಕಡಿಮೆ ಬೀಳುತ್ತದೆ. ಅದನ್ನು ಹಾಗೇ ಬಿಟ್ಟರೆ ಒಂಬತ್ತು ವರ್ಷಕ್ಕೆ ನೂರು ದಿನ ಹಿಂದೆ ಸರಿದು, ಭೂಮಿ ಹುಣ್ಣಿಮೆ ಜುಲೈ ನಾಟಿಯ ಹೊತ್ತಿಗೆ ಬಂದು ಕೂರುತ್ತದೆ. ಭೂಮಿ ಬಸುರಿಯೇ ಆಗಿರುವುದಿಲ್ಲ, ಬಯಕೆ ಊಟ ಯಾರಿಗೆ? ಅದಕ್ಕೇ ಸುಮಾರು 32-33 ತಿಂಗಳಿಗೊಮ್ಮೆ ಒಂದು ಅಧಿಕ ಮಾಸ. 2023ರಲ್ಲಿ ಎರಡು ಶ್ರಾವಣ ಬಂದಿತ್ತು, ಗೌರಿ ಹಬ್ಬ ಯಾಕಿಷ್ಟು ತಡ ಅಂತ ನೀನೇ ಕೇಳಿದ್ದೆ. 2026ಕ್ಕೆ ಜ್ಯೇಷ್ಠ ಎರಡು. ಹಾಗಾಗಿ 2025ರಲ್ಲಿ ಅಕ್ಟೋಬರ್ ಮೊದಲ ವಾರ ಬಂದ ಭೂಮಿ ಹುಣ್ಣಿಮೆ 2026ಕ್ಕೆ ಅಕ್ಟೋಬರ್ ಕೊನೆಗೆ ಹೋಗುತ್ತದೆ. ಚಂದ್ರನನ್ನು ಬಿಡದೆ, ಗದ್ದೆಯನ್ನೂ ಬಿಡದೆ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗುವ ಲೆಕ್ಕ ಇದು. ಅಜ್ಜ ಇದನ್ನು ಬೆರಳ ಗೆಣ್ಣಿನಲ್ಲಿ ಎಣಿಸಿ ಹೇಳುತ್ತಿದ್ದ.

ಈಗ ಒಂದು ಮಾತು. ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿತ್ತಲ್ಲ, ತುಳಸಿ ದಿನದ 24 ಗಂಟೆಯೂ ಆಮ್ಲಜನಕ ಕೊಡುತ್ತದೆ, ಅದಕ್ಕೇ ಹಿರಿಯರು ಅಂಗಳದಲ್ಲಿ ನೆಟ್ಟರು ಅಂತ. ಅದು ನಿಜ ಅಲ್ಲ ಮಗಳೇ. ರಾತ್ರಿ ಹೊತ್ತು ತುಳಸಿಯೂ ನಮ್ಮ ಹಾಗೇ ಆಮ್ಲಜನಕ ತೆಗೆದುಕೊಳ್ಳುತ್ತದೆ. ಇಂಥದ್ದನ್ನು ಓದಿ ನೀನು ಸಂಪ್ರದಾಯವನ್ನು ನಂಬಬೇಡ, ಇಂಥದ್ದು ಸುಳ್ಳು ಅಂತ ಗೊತ್ತಾದಾಗ ಸಂಪ್ರದಾಯವನ್ನು ಬಿಡಲೂ ಬೇಡ. ಅಜ್ಜಿ ದಿನಾ ಬೆಳಿಗ್ಗೆ ತನ್ನ ಕಾಫಿಗಿಂತ ಮೊದಲು ತುಳಸಿಗೆ ನೀರು ಹಾಕುತ್ತಿದ್ದಳು. ಅವಳಿಗೆ ಬಾಯಾರಿದ ಹಾಗೆ ಅದಕ್ಕೂ ಬಾಯಾರಿರುತ್ತದೆ ಅಂತ ದಿನದ ಮೊದಲ ನೆನಪು. ಅದಕ್ಕೆ ಇನ್ನೊಂದು ಕಾರಣ ಜೋಡಿಸಬೇಕಾ?

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಿದರೆ ನಾನು ನಿನಗೆ ಮೋಸ ಮಾಡಿದ ಹಾಗೆ. ದೊಡ್ಡವಳಾದ ಮೇಲೆ ತಿಂಗಳಿಗೆ ಮೂರು ದಿನ ನಾನು ಹೊರಗಿನ ಕೋಣೆಯಲ್ಲಿ ಕೂರಬೇಕಿತ್ತು. ಸೌದೆ ಇಡುವ ಕೋಣೆ ಅದು. ಮಳೆಗಾಲದಲ್ಲಿ ನೆಲ ಜಿನುಗುತ್ತಿತ್ತು. ಬದುವಿನ ಇಲಿಗೂ ಎಲೆ ಹಾಕುವ ಮನೆಯಲ್ಲಿ ನನಗೆ ಒಲೆಯ ಹತ್ತಿರ ಜಾಗ ಇರಲಿಲ್ಲ. ಆ ಸಿಟ್ಟು ನನಗೆ ಈಗಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಎಸ್ಸೆಸ್ಸೆಲ್ಸಿ ವರ್ಷ, ಆರಿದ್ರ ಮಳೆ ಬಿಡದೆ ಹೊಯ್ಯುತ್ತಿತ್ತು, ನನಗೆ ಜ್ವರ. ರಾತ್ರಿ ಅಜ್ಜಿ ದೀಪ ಹಿಡಿದುಕೊಂಡು ಬಂದಳು, ಚಾಪೆ ಮುಟ್ಟಿ ನೋಡಿದಳು, ಒದ್ದೆ. "ಏಳು, ಒಳಗೆ ಬಾ" ಅಂದಳು. ಒಲೆ ಮುಂದೆ ಕೂರಿಸಿ ತಲೆ ಒರೆಸಿದಳು. ಅದಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಹೊರಗೆ ಕೂರಲಿಲ್ಲ. ಅವಳು ಯಾರಿಗೂ ಕಾರಣ ಹೇಳಲಿಲ್ಲ, ಊರಿನವರು ಮಾತಾಡಿದರು, ಅದಕ್ಕೂ ಉತ್ತರ ಕೊಡಲಿಲ್ಲ. ಹಿಡಿಯಬೇಕಾದ್ದನ್ನು ಹಿಡಿದ ಕೈಯೇ ಬಿಡಬೇಕಾದ್ದನ್ನು ಬಿಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಿನಗೂ ಆ ಹಕ್ಕಿದೆ ಅಂತ ಹೇಳಲಿಕ್ಕೇ ಇದನ್ನು ಬರೆದೆ.

ಇನ್ನೊಂದು ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ನಮ್ಮ ಈಗಿನ ಗದ್ದೆ ಅಜ್ಜಿ ಮದುವೆಯಾಗಿ ಬಂದ ಗದ್ದೆ ಅಲ್ಲ. ಅದು ಶರಾವತಿಯ ಹಿನ್ನೀರಿನಡಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮನೆ, ಗದ್ದೆ, ದೇವರ ಬನ ಎಲ್ಲ ಮುಳುಗಿತು. ಗಾಡಿಯಲ್ಲಿ ಹಿಡಿಸುವಷ್ಟನ್ನೇ ತರಬೇಕಿತ್ತಂತೆ. ಅಜ್ಜಿ ಭೂಮಣ್ಣಿ ಬುಟ್ಟಿಯನ್ನು ಗಾಡಿಯಲ್ಲಿ ಇಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಬಂದಳಂತೆ. ಹೊಸ ಊರಿನಲ್ಲಿ ಮೊದಲ ವರ್ಷ ಗದ್ದೆಯೇ ಇರಲಿಲ್ಲ, ಕಾಡು ಕಡಿದ ಗುಡ್ಡ. ಆದರೂ ಹುಣ್ಣಿಮೆಗೆ ಚರಗ ಬೇಯಿಸಿ ಆ ಬೋಳು ನೆಲಕ್ಕೆ ಬೀರಿದರಂತೆ, ಮುಂದೆ ಬಸುರಿ ಆಗುತ್ತಾಳೆ ಅನ್ನುವ ನಂಬಿಕೆಯಲ್ಲಿ. ನಾನು ಕಂಡಂತೆ ಪ್ರತಿ ವರ್ಷ ಚರಗ ಬೀರಿ ಮುಗಿದ ಮೇಲೆ ಅಜ್ಜಿ ಕೊನೆಯ ಒಂದು ಹಿಡಿ ತೆಗೆದು ಹಿನ್ನೀರು ಇರುವ ದಿಕ್ಕಿಗೆ ಎಸೆಯುತ್ತಿದ್ದಳು. ಅದು ಯಾರಿಗೆ ಅಂತ ನಾನು ಕೇಳಲಿಲ್ಲ. ಅವಳ ಮುಖ ನೋಡಿದ ಮೇಲೆ ಕೇಳಲು ಆಗುತ್ತಿರಲಿಲ್ಲ.

ಆ ಬುಟ್ಟಿ ಈಗ ನಮ್ಮ ಅಟ್ಟದ ಮೇಲಿದೆ. ಕೆಮ್ಮಣ್ಣು ಉದುರಿದೆ, ಒಂದು ಕಡೆ ಗೆದ್ದಲು ಹಿಡಿದಿತ್ತು, ಬಿಸಿಲಿಗೆ ಇಟ್ಟು ತೆಗೆದಿದ್ದೇನೆ. ನಿನ್ನೆ ಕೂತು ಸೊಪ್ಪುಗಳ ಹೆಸರು ಬರೆಯಲು ಶುರು ಮಾಡಿದೆ, 17 ಆಯಿತು, ಮುಂದೆ ಹೋಗಲಿಲ್ಲ. ಕೆರೆ ಏರಿಯ ಮೇಲೆ ಬರುತ್ತಿತ್ತಲ್ಲ, ಕೆಂಪು ದಂಟಿನದು, ಚಿವುಟಿದರೆ ಹುಳಿ ವಾಸನೆ, ಅದರ ಹೆಸರು ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ. ನಿನ್ನ ದೊಡ್ಡಮ್ಮನಿಗೆ ಗೊತ್ತಿರುತ್ತದೆ. ಅವಳಿಗೆ ಈಗ ಕಣ್ಣು ಮಂಜು, ಆದರೆ ಮೂಸಿದರೆ ಹೇಳುತ್ತಾಳೆ. ವಿಜಯದಶಮಿಗೆ ರಜೆ ಹಾಕಿ ಬಾ, ನಾವಿಬ್ಬರೂ ಅವಳನ್ನು ಕೆರೆ ಏರಿಗೆ ಕರೆದುಕೊಂಡು ಹೋಗೋಣ. ಪುಂಡಿ ನಾರು ನಾನು ತರಿಸಿಡುತ್ತೇನೆ.

ನಿನ್ನ ಅಮ್ಮ